ರೇಡಿಯೋ ಆಫ್ ಮಾಡಿದರೆ ನನಗೆ ನೆಮ್ಮದಿ: ಇದೇನು ಕಾಯಿಲೆಯಾ?

ಮನೆ, ಆಫೀಸು, ಬಸ್ಸಿನಲ್ಲಿ ಬಿಡದೆ ಕೇಳುವ ಹಾಡು, ಟಿವಿ, ರೇಡಿಯೋ ಬಗ್ಗೆ ಓದುಗರು ಬರೆದ ಪ್ರಶ್ನೆಗಳಿಗೆ ಈ ವಾರ ಶ್ರವಣ ತಜ್ಞೆಯ ಉತ್ತರ.

ಪ್ರಶ್ನೆ: ಮೇಡಂ, ನನಗೆ 44 ವರ್ಷ. ಬೆಳೆದದ್ದು ತೀರ್ಥಹಳ್ಳಿ ಹತ್ತಿರದ ಹಳ್ಳಿಯಲ್ಲಿ, ಈಗ ಇರುವುದು ದಾವಣಗೆರೆಯಲ್ಲಿ. ಬೆಳಗ್ಗೆ ಐದೂವರೆಗೆ ಅತ್ತೆ ಭಕ್ತಿಗೀತೆ ಹಾಕುತ್ತಾರೆ. ಅದು ಮುಗಿಯುವಷ್ಟರಲ್ಲಿ ಅಡುಗೆಮನೆಯಲ್ಲಿ ಎಫ್‌ಎಂ. ಹತ್ತು ಗಂಟೆಗೆ ಟಿವಿ ಶುರುವಾದರೆ ಮಲಗುವ ತನಕ, ಯಾರೂ ನೋಡದಿದ್ದರೂ, ಓಡುತ್ತಲೇ ಇರುತ್ತದೆ. ಎಲ್ಲರೂ ಹೊರಗೆ ಹೋದಾಗ ನಾನು ಎಲ್ಲವನ್ನೂ ಆಫ್ ಮಾಡಿ ಹಿತ್ತಲ ಬಾಗಿಲು ತೆಗೆದು ಕೂರುತ್ತೇನೆ. ಗುಬ್ಬಚ್ಚಿ, ಅಳಿಲು, ಗಾಳಿಗೆ ಆಡುವ ತೆಂಗಿನ ಗರಿ. ಅಷ್ಟು ಸಾಕು ನನಗೆ. ಹಾಡು ಇಷ್ಟವಿಲ್ಲ ಅಂತಲ್ಲ, ಕೇಳಿದರೆ ಕೂತು ಕೇಳಬೇಕು ಅನ್ನಿಸುತ್ತದೆ. ನಮ್ಮನೆಯವರು "ಯಾಕೆ ಹೀಗೆ ಮಂಕಾಗಿ ಕೂತಿರ್ತೀಯ, ಡಿಪ್ರೆಶನ್ನಾ?" ಅನ್ನುತ್ತಾರೆ. ನನಗೇ ಏನಾದರೂ ತೊಂದರೆ ಇದೆಯಾ?

ಉತ್ತರ: ನೀವು ಬರೆದಿರುವುದರಲ್ಲಿ ನನಗೆ ಯಾವ ಕಾಯಿಲೆಯೂ ಕಾಣುತ್ತಿಲ್ಲ. ಡಿಪ್ರೆಶನ್‌ನಲ್ಲಿ ಸಾಮಾನ್ಯವಾಗಿ ಮೊದಲು ಇಷ್ಟವಿದ್ದ ವಿಷಯಗಳಲ್ಲೂ ರುಚಿ ಹೋಗಿರುತ್ತದೆ. ನೀವು ಗುಬ್ಬಚ್ಚಿ, ಅಳಿಲು, ತೆಂಗಿನ ಗರಿ ಅಂತ ಒಂದೊಂದು ಸದ್ದನ್ನೂ ಬೇರೆಬೇರೆಯಾಗಿ ಹೇಳುತ್ತಿದ್ದೀರಿ. ಇಷ್ಟು ಗಮನವಿಟ್ಟು ಕೇಳುವವರನ್ನು ಮಂಕಾಗಿದ್ದಾರೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಕಿವಿ ನಿದ್ದೆಯಲ್ಲೂ ಕೆಲಸ ನಿಲ್ಲಿಸುವುದಿಲ್ಲ. ಬಂದ ಸದ್ದಿನಲ್ಲಿ ಯಾವುದು ಬೇಕು, ಯಾವುದನ್ನು ಬಿಡಬಹುದು ಅಂತ ಆರಿಸುವುದು ಮಿದುಳು. ಈ ಆರಿಸುವ ಕೆಲಸ ಎಲ್ಲರಲ್ಲೂ ಒಂದೇ ಥರ ಇರುವುದಿಲ್ಲ. ಕೆಲವರಿಗೆ ಟಿವಿ ಓಡುತ್ತಿರುವುದೇ ಗೊತ್ತಾಗುವುದಿಲ್ಲ. ಇನ್ನು ಕೆಲವರಿಗೆ ಧಾರಾವಾಹಿಯ ಪ್ರತಿ ಮಾತೂ ಒಳಗೆ ಇಳಿಯುತ್ತದೆ. ಫಿನ್ಲೆಂಡ್‌ನಲ್ಲಿ ಅವಳಿಗಳ ಮೇಲೆ ನಡೆದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಸದ್ದಿಗೆ ಸೂಕ್ಷ್ಮವಾಗಿರುವ ಈ ಗುಣದಲ್ಲಿ ಸುಮಾರು ಮೂರನೇ ಒಂದರಷ್ಟು ಪಾಲು ಹುಟ್ಟಿನಿಂದ ಬರುತ್ತದೆ ಎಂದು ಅದು ಹೇಳಿತು. ಅಂದರೆ ನಿಮ್ಮದು ಹಟವೂ ಅಲ್ಲ, ಸೊಕ್ಕೂ ಅಲ್ಲ.

ಇನ್ನೊಂದು ವಿಷಯ ಯೋಚಿಸಿ. ನೀವು ಬೆಳೆದ ತೀರ್ಥಹಳ್ಳಿ ಕಡೆ ನಿಶ್ಶಬ್ದ ಇತ್ತಾ? ಮಳೆಗಾಲದಲ್ಲಿ ಹೆಂಚಿನ ಮೇಲೆ ಸುರಿಯುವ ಮಳೆ, ರಾತ್ರಿಯಿಡೀ ಕಪ್ಪೆ, ಜೀರುಂಡೆ. ಅಳೆದು ನೋಡಿದ್ದರೆ ನಿಮ್ಮ ಮನೆಯ ಟಿವಿಗಿಂತ ಜಾಸ್ತಿಯೇ ಇದ್ದೀತು. ಆದರೂ ಅದರ ನಡುವೆ ಸೊಗಸಾಗಿ ನಿದ್ದೆ ಬರುತ್ತಿತ್ತು, ಅಲ್ವಾ? ಮಳೆ ನಿಮ್ಮನ್ನು ಮಾತಾಡಿಸುವುದಿಲ್ಲ. ಅದರ ಅರ್ಥ ಬಿಡಿಸುವ ಕೆಲಸ ಮಿದುಳಿಗೆ ಇಲ್ಲ. ರೇಡಿಯೋ ನಿರೂಪಕರ ಮಾತು, ಜಾಹೀರಾತು, ಹಾಡಿನ ಸಾಲು ಹಾಗಲ್ಲ. ಗೊತ್ತಿರುವ ಭಾಷೆ ಕಿವಿಗೆ ಬಿದ್ದರೆ ಮಿದುಳು ಬೇಡವೆಂದರೂ ಅದನ್ನು ಹಿಂಬಾಲಿಸುತ್ತದೆ. ನಿಮಗೆ ಬೇಡವಾಗಿರುವುದು ಸದ್ದಲ್ಲ, ಬಿಡುವಿಲ್ಲದೆ ಕರೆಯುತ್ತಲೇ ಇರುವ ಸದ್ದು.

ಹಾಡನ್ನು ಕೂತು ಕೇಳಬೇಕು ಅಂದಿರಲ್ಲ, ಆ ಮಾತು ನನಗೆ ತುಂಬಾ ಹಿಡಿಸಿತು. 1935ರಲ್ಲಿ ಮೈಸೂರಿನಲ್ಲಿ ರೇಡಿಯೋ ಕೇಂದ್ರ ಆರಂಭಿಸಿದ ಎಂ.ವಿ. ಗೋಪಾಲಸ್ವಾಮಿಯವರು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಆ ಕಾಲದ ಪ್ರಸಾರ ದಿನದ ಕೆಲವು ಹೊತ್ತು ಮಾತ್ರ. ಆ ಹೊತ್ತಿಗೆ ಜನ ಬಂದು ಕೂತು ಕೇಳುತ್ತಿದ್ದರು, ಮುಗಿದ ಮೇಲೆ ಎದ್ದು ಹೋಗುತ್ತಿದ್ದರು. ಇಡೀ ದಿನ ಹಿಂದೆ ಏನೋ ಒಂದು ಓಡುತ್ತಿರಬೇಕು ಅನ್ನುವುದು ಆಮೇಲೆ ಬಂದ ಅಭ್ಯಾಸ. ಸಂಗೀತಕ್ಕೆ ಅದರಿಂದ ಒಳ್ಳೆಯದಾಗಿದೆ ಅಂತ ನನಗೆ ಅನ್ನಿಸುವುದಿಲ್ಲ.

ಮೌನದಿಂದ ದೇಹಕ್ಕೂ ಲಾಭವಿದೆ. 2006ರಲ್ಲಿ ಇಟಲಿಯ ಸಂಶೋಧಕರು 24 ಜನರಿಗೆ ಬೇರೆಬೇರೆ ಸಂಗೀತ ಕೇಳಿಸಿ ಹೃದಯದ ಬಡಿತ, ರಕ್ತದೊತ್ತಡ, ಉಸಿರಾಟ ಅಳೆದರು. ಸಂಗೀತಗಳ ನಡುವೆ ಎರಡು ನಿಮಿಷದ ಬಿಡುವು ಇಟ್ಟಿದ್ದರು. ಅವರು ಅಳೆಯಹೊರಟದ್ದು ಸಂಗೀತದ ಪರಿಣಾಮವನ್ನು. ಆದರೆ ದೇಹ ಎಲ್ಲಕ್ಕಿಂತ ಹೆಚ್ಚು ಸಡಿಲಾದದ್ದು ಆ ಬಿಡುವಿನಲ್ಲಿ. ನೀವು ಹಿತ್ತಲ ಬಾಗಿಲಲ್ಲಿ ಕೂತು ಪಡೆಯುತ್ತಿರುವುದೂ ಅಂಥದ್ದೇ ಬಿಡುವು.

ಇನ್ನು ಮನೆಯ ಮಾತು. ಅತ್ತೆಯವರ ಬೆಳಗಿನ ಭಕ್ತಿಗೀತೆಯ ತಂಟೆಗೆ ಹೋಗಬೇಡಿ. ಅದು ಅವರ ಪೂಜೆಯ ಭಾಗ, ಅವರು ಅದನ್ನು ನಿಜವಾಗಿ ಕೇಳುತ್ತಾರೆ. ನೀವು ಕೇಳಬೇಕಾದ್ದು ಒಂದೇ: ಯಾರೂ ನೋಡದಿದ್ದಾಗ ಟಿವಿ ಆಫ್, ಊಟದ ಹೊತ್ತಿಗೆ ಎಲ್ಲವೂ ಆಫ್. "ನನಗೆ ಹಿಂಸೆ ಆಗುತ್ತೆ" ಅಂತ ಶುರು ಮಾಡಿದರೆ ಜಗಳ ಆದೀತು. "ಮಾತು ಸರಿಯಾಗಿ ಕೇಳಿಸೋದಿಲ್ಲ" ಅನ್ನಿ, ಅದು ಸತ್ಯವೂ ಹೌದು. ಸುತ್ತ ಸದ್ದಿದ್ದರೆ ನಾವು ಅರಿವಿಲ್ಲದೆ ದನಿ ಏರಿಸುತ್ತೇವೆ. ಫ್ರಾನ್ಸ್‌ನ ವೈದ್ಯ ಎತಿಯೆನ್ ಲೊಂಬಾರ್ 1911ರಲ್ಲೇ ಇದನ್ನು ಗುರುತಿಸಿದ್ದರು. ಟಿವಿ ಓಡುತ್ತಿದೆ ಅಂತ ನೀವು ಅಡುಗೆಮನೆಯಿಂದ ಕೂಗುತ್ತೀರಿ, ನಿಮ್ಮ ಕೂಗಿಗೆ ಅವರು ವಾಲ್ಯೂಮ್ ಏರಿಸುತ್ತಾರೆ, ಮಗ ಇನ್ನೂ ಗಟ್ಟಿಯಾಗಿ ಮಾತಾಡುತ್ತಾನೆ. ಯಾರಿಗೂ ಸಿಟ್ಟಿಲ್ಲದಿದ್ದರೂ ಮನೆ ಜಗಳದ ಮನೆ ಆಗಿಬಿಡುತ್ತದೆ.

ಅತ್ತೆಯವರು ಟಿವಿ ತುಂಬಾ ಜೋರಾಗಿ ಇಡುತ್ತಾರಾ? ಹಾಗಿದ್ದರೆ ಶ್ರವಣ ಪರೀಕ್ಷೆ ಬೇಕಾಗಿರುವುದು ಅವರಿಗೆ ಇರಬಹುದು. 60 ದಾಟಿದವರಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಜಾಸ್ತಿ ಜನಕ್ಕೆ ಬದುಕಿಗೆ ಅಡ್ಡಿಯಾಗುವಷ್ಟು ಕಿವಿ ಮಂದವಾಗಿರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಾಗೆಯೇ, ಹಗಲಿಡೀ ಮನೆಯಲ್ಲಿರುವ ಹಿರಿಯರಿಗೆ ಟಿವಿ, ರೇಡಿಯೋ ಒಂದು ಜೊತೆ. ಸುಮ್ನೆ ಆಫ್ ಮಾಡಿದರೆ ಅವರಿಗೆ ಮನೆ ಖಾಲಿ ಅನ್ನಿಸುತ್ತದೆ. ಆಫ್ ಮಾಡಿದ ಹೊತ್ತಿನಲ್ಲಿ ಅವರನ್ನೂ ಹಿತ್ತಲಿಗೆ ಕರೆಯಿರಿ. ಅವರ ಊರಿನ ಕಥೆ ಕೇಳಿ.

ಎಚ್ಚರಿಕೆಯ ಮಾತೂ ಹೇಳಬೇಕು. ಮೊದಲಿರಲಿಲ್ಲ, ಈಗ ಇದ್ದಕ್ಕಿದ್ದಂತೆ ಸದ್ದು ಸಹಿಸಲಾಗುತ್ತಿಲ್ಲ ಅಂದರೆ ಪರೀಕ್ಷೆ ಮಾಡಿಸಿ. ತಟ್ಟೆ ಲೋಟದ ಸದ್ದಿಗೇ ಕಿವಿ ನೋಯುವುದು, ಕಿವಿಯಲ್ಲಿ ಗುಂಯ್‌ಗುಡುವುದು, ಜೊತೆಗೆ ಅರೆತಲೆನೋವು, ಇವು ಬೇರೆ ಕಥೆ. ಯಾರೋ ಅಗಿಯುವ ಅಥವಾ ಮೂಗೆಳೆಯುವ ಸದ್ದಿಗೆ ಮಾತ್ರ ತಡೆಯಲಾಗದ ಕೋಪ ಬಂದರೆ ಅದು ಮಿಸೊಫೋನಿಯಾ ಇರಬಹುದು. ಅದಕ್ಕೂ ಸಹಾಯ ಸಿಗುತ್ತದೆ. ಮತ್ತೆ, ದಿನವಿಡೀ ಕಿವಿಗೆ ಹತ್ತಿ ಅಥವಾ ಇಯರ್‌ಪ್ಲಗ್ ಇಟ್ಟುಕೊಳ್ಳಬೇಡಿ. ಎರಡು ವಾರ ಹಾಗೆ ಮಾಡಿದವರಿಗೆ ಆಮೇಲೆ ಮಾಮೂಲಿ ಸದ್ದೂ ಜೋರಾಗಿ ಕೇಳಿಸಿದ್ದು ಪ್ರಯೋಗದಲ್ಲಿ ಕಂಡಿದೆ.

ಪ್ರಶ್ನೆ: ನಾನು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿದ್ದೇನೆ, ವಯಸ್ಸು 27. ನಮ್ಮ ಫ್ಲೋರ್‌ನಲ್ಲಿ ಸ್ಪೀಕರ್ ಇಟ್ಟು ದಿನವಿಡೀ ಹಾಡು ಹಾಕುತ್ತಾರೆ. ಹಾಡಿದ್ದರೆ ಏಕಾಗ್ರತೆ ಜಾಸ್ತಿ ಅನ್ನುತ್ತಾರೆ. ನನಗೆ ಒಂದು ಸಾಲು ಕೋಡ್ ಕೂಡ ತಲೆಗೆ ಹೋಗುವುದಿಲ್ಲ. ಯಾರು ಸರಿ?

ಉತ್ತರ: ನಿಮ್ಮ ಥರದ ಕೆಲಸಕ್ಕೆ ನೀವೇ ಸರಿ. ಒಂದೇ ಬಗೆಯ ಕೈಕೆಲಸ ಮಾಡುವಾಗ ಹಾಡು ಬೇಸರ ಕಳೆಯುತ್ತದೆ, ಅದು ನಿಜ. ಓದಿ, ನೆನಪಿಟ್ಟು, ಲೆಕ್ಕ ಹಾಕುವ ಕೆಲಸದಲ್ಲಿ ಹಾಗಲ್ಲ. 1976ರ ಒಂದು ಪ್ರಸಿದ್ಧ ಪ್ರಯೋಗದಲ್ಲಿ, ನೋಡಿದ ಅಕ್ಷರಗಳನ್ನು ಕ್ರಮವಾಗಿ ನೆನಪಿಡಲು ಹೇಳಿ ಹಿಂದೆ ಜರ್ಮನ್ ಭಾಷೆಯ ಓದು ಹಾಕಿದರು. ಕೂತವರಿಗೆ ಜರ್ಮನ್ ಬರುತ್ತಿರಲಿಲ್ಲ. ಆದರೂ ತಪ್ಪುಗಳು ಜಾಸ್ತಿಯಾದವು. ಅರ್ಥವಾಗದ ಮಾತೇ ಇಷ್ಟು ಕೆಡಿಸುವುದಾದರೆ ಅರ್ಥವಾಗುವ ಹಾಡಿನ ಪಾಡೇನು? ಮುಂದಿನ ಪ್ರಯೋಗಗಳಲ್ಲಿ ಬರಿಯ ವಾದ್ಯಕ್ಕಿಂತ ಹಾಡುಗಾರಿಕೆಯಿಂದ ತೊಂದರೆ ಜಾಸ್ತಿ ಅಂತ ಗೊತ್ತಾಯಿತು.

ಕೆಲಸದ ಜಾಗಕ್ಕೆ ಹಿನ್ನೆಲೆ ಸಂಗೀತ ಮಾರುವ ವ್ಯಾಪಾರ ದೊಡ್ಡದಾದದ್ದು ಅಮೆರಿಕದ ಮ್ಯೂಜಾಕ್ ಕಂಪನಿಯಿಂದ. ಆ ಹೆಸರು ಬಂದದ್ದು 1934ರಲ್ಲಿ. ಅವರೇ ಮುಂದೆ ಕಾರ್ಖಾನೆಗಳಿಗೆ ಮಾಡಿಕೊಟ್ಟ ಕ್ರಮದಲ್ಲಿ ಕಾಲು ಗಂಟೆ ಸಂಗೀತ, ಆಮೇಲೆ ಕಾಲು ಗಂಟೆ ಮೌನ ಇರುತ್ತಿತ್ತು. ಸಂಗೀತ ಮಾರುವವರಿಗೇ ಬಿಡುವು ಬೇಕೆಂದು ಗೊತ್ತಿತ್ತು. ನಿಮ್ಮ ಫ್ಲೋರ್‌ನಲ್ಲಿ ಅದೂ ಇಲ್ಲ.

ಮ್ಯಾನೇಜರ್ ಹತ್ತಿರ ಹೀಗೆ ಕೇಳಿ ನೋಡಿ. ಹಾಡು ಬೇಕಾದವರಿಗೆ ಹೆಡ್‌ಫೋನ್ ಇದೆ. ಮೌನ ಬೇಕಾದವರಿಗೆ ಅಷ್ಟು ಸುಲಭದ ಸಾಧನ ಇಲ್ಲ. ಆದ್ದರಿಂದ ಸ್ಪೀಕರ್ ಆಫ್ ಇರುವುದೇ ಎಲ್ಲರಿಗೂ ನ್ಯಾಯ. ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ಎಸಿ, ಫ್ಯಾನಿನಂಥ ಒಂದೇ ಸಮನೆಯ ಗುಂಯ್ ಸದ್ದನ್ನು ಚೆನ್ನಾಗಿ ತಗ್ಗಿಸುತ್ತದೆ, ಮಾತು ಮತ್ತು ಹಾಡನ್ನು ಅಷ್ಟಾಗಿ ಇಲ್ಲ. ಅದರಲ್ಲಿ ಸಣ್ಣಗೆ ಮಳೆಯ ಸದ್ದು ಹಾಕಿಕೊಂಡರೆ ಹೊರಗಿನ ಮಾತು ಮಸುಕಾಗುತ್ತದೆ. ಹೊರಗಿನ ಹಾಡನ್ನು ಮುಳುಗಿಸಲು ವಾಲ್ಯೂಮ್ ಏರಿಸುತ್ತಾ ಹೋಗಬೇಡಿ. 80 ಡೆಸಿಬಲ್ ಸದ್ದಿಗೆ ವಾರಕ್ಕೆ 40 ಗಂಟೆ ಸುರಕ್ಷಿತ ಮಿತಿ, ನಿಮ್ಮ ಇಡೀ ಕೆಲಸದ ವಾರ ಅಷ್ಟೇ ಆಗುತ್ತದೆ.

ಪ್ರಶ್ನೆ: ಬಸ್ಸಿನಲ್ಲಿ ಪಕ್ಕದವರು ಮೊಬೈಲ್‌ನಲ್ಲಿ ಜೋರಾಗಿ ಹಾಡು, ವಿಡಿಯೋ ಹಾಕುತ್ತಾರೆ. ಹೇಳಿದರೆ "ನಿಮ್ಮ ಬಸ್ಸಾ?" ಅನ್ನುತ್ತಾರೆ. ಸುಮ್ನೆ ಸಹಿಸಿಕೊಳ್ಳಬೇಕಾ?

ಉತ್ತರ: ಬೇಕಿಲ್ಲ. ಹೈಕೋರ್ಟ್‌ಗೆ ಹೋದ ಅರ್ಜಿಯೊಂದರ ನಂತರ ಕೆಎಸ್‌ಆರ್‌ಟಿಸಿ 2021ರ ನವೆಂಬರ್‌ನಲ್ಲಿ ಬಸ್ಸಿನಲ್ಲಿ ಮೊಬೈಲ್ ಸ್ಪೀಕರ್ ಜೋರಾಗಿ ಹಾಕುವುದನ್ನು ನಿಷೇಧಿಸಿ ಸುತ್ತೋಲೆ ಹೊರಡಿಸಿತು. ಕೇಳದವರನ್ನು ಇಳಿಸಲೂ ಅದರಲ್ಲಿ ಅವಕಾಶವಿದೆ. ನೀವು ನೇರ ಜಗಳಕ್ಕೆ ಹೋಗದೆ ಕಂಡಕ್ಟರ್‌ಗೆ ಹೇಳಿ.

ಈ ತಕರಾರು ಹಳೆಯದು. ವಾಷಿಂಗ್ಟನ್‌ನಲ್ಲಿ ಬಸ್ಸು, ಟ್ರಾಮ್‌ಗಳಲ್ಲಿ ರೇಡಿಯೋ ಹಾಕಿದ್ದನ್ನು ಇಬ್ಬರು ಪ್ರಯಾಣಿಕರು ಪ್ರಶ್ನಿಸಿದರು. ಅದು 1952ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತನಕ ಹೋಯಿತು. ಪ್ರಯಾಣಿಕರು ಸೋತರು. ಆದರೆ ನ್ಯಾಯಮೂರ್ತಿ ಡಗ್ಲಾಸ್ ಪ್ರಯಾಣಿಕರ ಪರವಾಗಿ ಭಿನ್ನ ತೀರ್ಪು ಬರೆದರು. ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ತಾವೇ ಆ ರೇಡಿಯೋದಿಂದ ನೊಂದವರು ಎಂದು ಹೇಳಿ ವಿಚಾರಣೆಯಿಂದ ಹಿಂದೆ ಸರಿದರು. ಬ್ರಿಟನ್ನಿನಲ್ಲಿ 1992ರಿಂದ ಪೈಪ್‌ಡೌನ್ ಎಂಬ ಗುಂಪು ಅಂಗಡಿ, ಹೋಟೆಲುಗಳ ಹಿನ್ನೆಲೆ ಸಂಗೀತದ ವಿರುದ್ಧ ಮಾತಾಡುತ್ತಾ ಬಂದಿದೆ. 2016ರಲ್ಲಿ ಅಲ್ಲಿನ ಮಾರ್ಕ್ಸ್ ಅಂಡ್ ಸ್ಪೆನ್ಸರ್ ತನ್ನ ಮಳಿಗೆಗಳಲ್ಲಿ ಸಂಗೀತ ನಿಲ್ಲಿಸಿತು. ಮರ್ಯಾದೆಯಿಂದ, ಬಿಡದೆ ಕೇಳಿದರೆ ಕೆಲಸ ಆಗುತ್ತದೆ.

ಪ್ರಶ್ನೆ: ನಿವೃತ್ತ ಮೇಷ್ಟ್ರು ನಾನು, 68 ವರ್ಷ. ರೇಡಿಯೋ ಬಿಟ್ಟು ಬೆಳಗ್ಗೆ ಕೆರೆ ಏರಿ ಮೇಲೆ ಹಕ್ಕಿ ಕೂಗು ಕೇಳುತ್ತಾ ನಡೆಯುವುದು ಬಹಳ ವರ್ಷದ ರೂಢಿ. ಈಚೆಗೆ ಹಕ್ಕಿಗಳೇ ಕಡಿಮೆ ಆಗಿವೆ ಅನ್ನಿಸುತ್ತಿದೆ. ಮೊಮ್ಮಗಳು ಮಾತ್ರ "ತಾತ, ಎಷ್ಟೊಂದು ಕೂಗ್ತಿವೆ" ಅನ್ನುತ್ತಾಳೆ.

ಉತ್ತರ: ಸಾರ್, ಮೊಮ್ಮಗಳ ಮಾತನ್ನು ನಂಬಿ. ವಯಸ್ಸಿನ ಜೊತೆ ಮೊದಲು ಕಡಿಮೆಯಾಗುವುದು ಎತ್ತರದ ಸ್ವರ ಕೇಳಿಸಿಕೊಳ್ಳುವ ಶಕ್ತಿ. ಕೋಗಿಲೆ, ಕೆಂಬೂತದ ಕೂಗು ತಗ್ಗಿನ ಸ್ವರದ್ದು, ಅದು ಚೆನ್ನಾಗಿಯೇ ಕೇಳಿಸುತ್ತಿರುತ್ತದೆ. ಸೂರಕ್ಕಿಯ ಚಿಲಿಪಿಲಿ, ಹುಲ್ಲಿನಲ್ಲಿರುವ ಕೀಟಗಳ ಸದ್ದು ಸದ್ದಿಲ್ಲದೆ ಜಾರಿ ಹೋಗುತ್ತವೆ. ಸ, ಶ, ಚ ಅಕ್ಷರಗಳೂ ಅದೇ ಎತ್ತರದಲ್ಲಿವೆ. ಟಿವಿ ಓಡುತ್ತಿರುವಾಗ ಮನೆಯವರ ಮಾತು ಕೇಳಿಸುತ್ತದೆ, ಏನು ಅಂದರು ಅಂತ ತಿಳಿಯುವುದಿಲ್ಲ ಅನ್ನುವ ಅನುಭವ ನಿಮಗಿದ್ದರೆ ಕಾರಣ ಇದೇ ಇರಬಹುದು.

ಇಷ್ಟು ವರ್ಷ ಕಿವಿಯನ್ನು ಹಕ್ಕಿಗಳಿಗೆ ಕೊಟ್ಟವರು ನೀವು. ಅದಕ್ಕೇ ಬೇರೆಯವರಿಗಿಂತ ಬೇಗ ನಿಮಗೆ ಇದು ಗೊತ್ತಾಗಿದೆ. ಈಗಲೇ ಶ್ರವಣ ಪರೀಕ್ಷೆ ಮಾಡಿಸಿ, ನೋವಿಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಈ ಕೆಲಸದಲ್ಲಿದೆ, ದೂರವಾದರೆ ಹತ್ತಿರದ ಶ್ರವಣ ತಜ್ಞರಿದ್ದರೂ ಆದೀತು. ಕಿವಿಯ ಕೊಳೆ ಕಟ್ಟಿಕೊಂಡಿದ್ದರೂ ಹೀಗಾಗಬಹುದು, ಅದನ್ನು ತೆಗೆಸಿದರೆ ಮುಗಿಯಿತು. ಉಪಕರಣ ಬೇಕೆಂದರೆ ಈಗಿನವನ್ನು ಯಾವ ಸ್ವರ ಕಡಿಮೆ ಕೇಳಿಸುತ್ತದೋ ಅದನ್ನಷ್ಟೇ ಏರಿಸುವಂತೆ ಹೊಂದಿಸುತ್ತಾರೆ. ನೀವು ಹಕ್ಕಿ ಕೇಳುವವರು ಅಂತ ಮೊದಲೇ ಹೇಳಿ. ಎಷ್ಟೋ ಉಪಕರಣಗಳು ಮನುಷ್ಯರ ಮಾತನ್ನು ಎತ್ತಿ ಹಿಡಿದು ಉಳಿದದ್ದನ್ನು ಗದ್ದಲ ಎಂದು ತಗ್ಗಿಸುತ್ತವೆ. ನಡೆಯುವ ಹೊತ್ತಿಗೆ ಬೇರೆಯೇ ಸೆಟ್ಟಿಂಗ್ ಕೇಳಿ ಹಾಕಿಸಿಕೊಳ್ಳಬಹುದು.

ಹೋಗುವ ಮೊದಲು ಮೊಮ್ಮಗಳ ಜೊತೆ ಕೆರೆ ಏರಿ ಮೇಲೆ ನಿಂತು ಅವಳಿಗೆ ಕೇಳಿಸಿದ್ದು, ನಿಮಗೆ ಕೇಳಿಸಿದ್ದು ಎರಡನ್ನೂ ಬರೆದುಕೊಳ್ಳಿ. ಆ ಚೀಟಿಯನ್ನು ತಜ್ಞರಿಗೆ ತೋರಿಸಿದರೆ ಉಪಕರಣ ಹೊಂದಿಸುವಾಗ ಅವರಿಗೆ ಉಪಯೋಗವಾಗುತ್ತದೆ.