ಶೇಡ್ ಕಾರ್ಡಿಗಿಂತ ಮೊದಲು ಓವನ್ ನೋಡಿ: ಬಣ್ಣದ ಪುಡಿಗಳ ಬಗ್ಗೆ ಓದುಗರ ಪ್ರಶ್ನೆಗಳು

ಪೀಣ್ಯದಲ್ಲಿ ನಮ್ಮದೊಂದು ಪೌಡರ್ ಕೋಟಿಂಗ್ ಘಟಕ, ಲೋಹಕ್ಕೆ ಬಣ್ಣದ ಪುಡಿ ಹೊಡೆದು ಓವನ್ನಿನಲ್ಲಿ ಬೇಯಿಸುವುದು. ಗ್ರಿಲ್, ಗೇಟುಗಳಿಗೆ ಕ್ರೀಮ್ ಬಣ್ಣ ಮಾಡುತ್ತೇವೆ. ಒಂದೇ ಡಬ್ಬದ ಪುಡಿಯಾದರೂ ಕೆಲವು ಲಾಟ್ ಕೆಂಪು ತಿರುಗುತ್ತದೆ. ಪುಡಿ ಕೊಟ್ಟವರು ಓವನ್ನಿನ ತಪ್ಪು ಎನ್ನುತ್ತಾರೆ, ನಮಗೆ ಪುಡಿಯ ಮೇಲೇ ಅನುಮಾನ. — ಪೀಣ್ಯ 2ನೇ ಹಂತದ ಓದುಗರು

ಎರಡರಲ್ಲೂ ಪಾಲಿದೆ. ಕ್ರೀಮ್ ಶೇಡಿಗೆ ಹಳದಿಯಂಶ ಬರಲು ಸಾಮಾನ್ಯವಾಗಿ ಹಾಕುವುದು ಹಳದಿ ಐರನ್ ಆಕ್ಸೈಡ್. ಅಗ್ಗದ್ದು, ಬಿಸಿಲಿಗೆ ಜಗ್ಗುವುದಿಲ್ಲ. ಆದರೆ ಅದರ ರಚನೆಯೊಳಗೆ ನೀರಿನಂಶ ಕಟ್ಟಿಕೊಂಡಿರುತ್ತದೆ. ಸುಮಾರು 180 ಡಿಗ್ರಿ ದಾಟಿದರೆ ಅದು ನೀರು ಬಿಟ್ಟು ಕೆಂಪು ಆಕ್ಸೈಡ್ ಆಗತೊಡಗುತ್ತದೆ. ಹೊಸ್ತಿಲಿಗೆ ಬಳಿಯುವ ಕೆಮ್ಮಣ್ಣಿಗೆ ಬಣ್ಣ ಕೊಡುವುದೂ ಇದೇ ಕೆಂಪು ಆಕ್ಸೈಡ್. ಕಣ್ಣಾರೆ ನೋಡಬೇಕಿದ್ದರೆ ಅಡುಗೆಗೆ ಬಳಸದ ಹಳೆಯ ತವಾ ಮೇಲೆ, ಮನೆಯ ಹೊರಗೆ, ಒಂದು ಚಮಚ ಹಳದಿ ಆಕ್ಸೈಡ್ ತೆಳುವಾಗಿ ಹರಡಿ ಕಾಯಿಸಿ. ಬಿಸಿ ಹೆಚ್ಚಿರುವ ನಡುಭಾಗ ಮೊದಲು ಇಟ್ಟಿಗೆ ಬಣ್ಣಕ್ಕೆ ತಿರುಗಿ, ಆ ಕೆಂಪು ನಿಧಾನವಾಗಿ ಅಂಚಿನ ಕಡೆ ಸರಿಯುತ್ತದೆ. ತಣ್ಣಗಾದ ಮೇಲೂ ಹಳದಿ ವಾಪಸ್ ಬರುವುದಿಲ್ಲ.

ಪಾಲಿಯೆಸ್ಟರ್ ಪುಡಿಗೆ ಸಾಮಾನ್ಯವಾಗಿ ಹೇಳುವ ಬೇಕಿಂಗ್ 200 ಡಿಗ್ರಿಯಲ್ಲಿ 10 ನಿಮಿಷ. ಅದು ಲೋಹದ ಬಿಸಿ, ಗಾಳಿಯದಲ್ಲ. ಪ್ಯಾನೆಲ್ ಮೀಟರ್ ತೋರಿಸುವುದು ಗಾಳಿಯ ಬಿಸಿ. ದಪ್ಪ ಆಂಗಲ್ ಕಾಯುವಷ್ಟರಲ್ಲಿ ಪಕ್ಕದ ತೆಳು ತಗಡು ಬೆಂದು ಎಷ್ಟೋ ಹೊತ್ತಾಗಿರುತ್ತದೆ. ಕರೆಂಟ್ ಹೋಗಿ ಕನ್ವೇಯರ್ ನಿಂತಾಗ ಒಳಗೆ ಉಳಿದ ಪೀಸುಗಳು, ರೀವರ್ಕ್ ಎಂದು ಎರಡನೇ ಸಲ ಒಳಗೆ ಹೋದ ಪೀಸುಗಳು, ಕೆಂಪಾಗುವುದು ಹೆಚ್ಚಾಗಿ ಇವೇ. ನಿಮ್ಮ ಲಾಟ್ ಪುಸ್ತಕದಲ್ಲಿ ಇವೆರಡನ್ನೂ ಗುರುತು ಮಾಡಿಕೊಂಡು ನೋಡಿ.

ಪರೀಕ್ಷೆ ಹೀಗೆ ಮಾಡಿ. ಒಂದೇ ತಗಡಿನಿಂದ ಮೂರು ತುಂಡು ಕತ್ತರಿಸಿ ಒಂದೇ ದಪ್ಪಕ್ಕೆ ಕೋಟ್ ಮಾಡಿ. ಥರ್ಮೋಕಪಲ್ಲನ್ನು (ಬಿಸಿ ಅಳೆಯುವ ತಂತಿ) ಲೋಹಕ್ಕೇ ತಾಗುವಂತೆ ಕಟ್ಟಿ, ಒಂದು ತುಂಡನ್ನು ಒಮ್ಮೆ, ಇನ್ನೊಂದನ್ನು ಎರಡು ಸಲ, ಮತ್ತೊಂದನ್ನು ಮೂರು ಸಲ ಬೇಯಿಸಿ. ಸಾಲಾಗಿಟ್ಟು ಹಗಲು ಬೆಳಕಿನಲ್ಲಿ ನೋಡಿ. ಹಂತಹಂತವಾಗಿ ಕೆಂಪೇರಿದರೆ ಪಿಗ್ಮೆಂಟ್, ಅಂದರೆ ಬಣ್ಣ ಕೊಡುವ ಕಣ, ಕಾರಣ. ಕೆಂಪಿಲ್ಲದೆ ಬರೀ ಹಳದಿ ಏರಿದರೆ ರೆಸಿನ್, ಅಂದರೆ ಆ ಕಣಗಳನ್ನು ಹಿಡಿದಿಡುವ ಅಂಟಿನ ಕಡೆ ನೋಡಿ. ಗ್ಯಾಸ್ ಉರಿ ನೇರವಾಗಿ ಒಳಕ್ಕೆ ಬೀಳುವ ಓವನ್ನಾದರೆ ಹೊಗೆಯಲ್ಲಿರುವ ನೈಟ್ರೋಜನ್ ಆಕ್ಸೈಡುಗಳೂ ಹೀಗೆ ಮಾಡುತ್ತವೆ.

ಪಿಗ್ಮೆಂಟೇ ಕಾರಣವಾದರೆ ಪುಡಿ ಕೊಡುವವರಿಗೆ ‘ಹಳದಿ ಬದಲಿಸಿ’ ಎಂದು ಸ್ಪಷ್ಟವಾಗಿ ಹೇಳಿ. ನಿಕಲ್ ಟೈಟನೇಟ್ ಹಳದಿ ತಯಾರಾಗುವುದೇ 1000 ಡಿಗ್ರಿಗೂ ಮೇಲಿನ ಕುಲುಮೆಯಲ್ಲಿ, 200 ಡಿಗ್ರಿ ಅದಕ್ಕೆ ಲೆಕ್ಕವೇ ಅಲ್ಲ. ಬಣ್ಣದ ಕಸುವು ಕಡಿಮೆ, ಆದರೆ ಕ್ರೀಮಿಗೆ ಅಷ್ಟು ಸಾಕು. ಗಾಢ ಹಳದಿ ಬೇಕಾದಲ್ಲಿ ಬಿಸ್ಮತ್ ವನಡೇಟ್. ಶಾಖ ತಡೆಯಲು ಲೇಪನ ಕೊಟ್ಟ ಐರನ್ ಆಕ್ಸೈಡ್ ಕೂಡ ಸಿಗುತ್ತದೆ. ಎಲ್ಲವೂ ದುಬಾರಿಯೇ. ಆದರೂ ಕೆಂಪಾದ ಲಾಟನ್ನು ಕೆರೆದು ಮತ್ತೆ ಹೊಡೆಯುವ ಖರ್ಚಿನ ಮುಂದೆ ಆ ವ್ಯತ್ಯಾಸ ದೊಡ್ಡದಲ್ಲ.

ಬಸವನಗುಡಿಯ ಹಳೆಯ ಮನೆಗೆ ಮತ್ತೆ ರೆಡ್ ಆಕ್ಸೈಡ್ ನೆಲವನ್ನೇ ಹಾಕಿಸುತ್ತಿದ್ದೇವೆ. ಒಂದು ಕೋಣೆ ಮುಗಿದಿದೆ: ಅಲ್ಲಲ್ಲಿ ಬಿಳಿ ಕಲೆ, ನಡೆದರೆ ಕಾಲಿಗೆ ಕೆಂಪು. ಮೇಸ್ತ್ರಿ ಇನ್ನಷ್ಟು ಆಕ್ಸೈಡ್ ಹಾಕೋಣ ಎನ್ನುತ್ತಾರೆ.

ಬೇಡ. ಕಾಲಿಗೆ ಕೆಂಪು ಹತ್ತುತ್ತಿರುವುದಕ್ಕೆ ಆಕ್ಸೈಡ್ ಜಾಸ್ತಿಯಾಗಿರುವುದೇ ಕಾರಣವಿರಬಹುದು. ಲೆಕ್ಕ ಸಿಮೆಂಟಿನ ತೂಕದ ಮೇಲೆ: ಶೇ. 5, ಅಂದರೆ 50 ಕೆಜಿ ಚೀಲಕ್ಕೆ ಎರಡೂವರೆ ಕೆಜಿ. ಶೇ. 10, ಅಂದರೆ 5 ಕೆಜಿ ದಾಟಲೇಬಾರದು. ಶೇ. 5ರ ಆಚೆ ಬಣ್ಣ ಗಾಢವಾಗುವುದು ಅಷ್ಟಕ್ಕಷ್ಟೆ. ಆದರೆ ಆ ನುಣ್ಣನೆ ಪುಡಿ ಹೆಚ್ಚು ನೀರು ಕೇಳುತ್ತದೆ, ನೀರು ಹೆಚ್ಚಿದಂತೆ ಗಾರೆ ಬಲ ಕಳೆದುಕೊಳ್ಳುತ್ತದೆ, ಬಣ್ಣವೂ ಪೇಲವವಾಗುತ್ತದೆ. ಆಗ ಮೇಸ್ತ್ರಿ ಮತ್ತೊಂದು ಬೊಗಸೆ ಹಾಕುತ್ತಾರೆ.

ಬಟ್ಟಲಿನಲ್ಲಿ ಅಳೆಯಬೇಡಿ, ತಕ್ಕಡಿಯಲ್ಲಿ ತೂಗಿ. ಹಳದಿ ಆಕ್ಸೈಡ್ ಕೆಂಪಿಗಿಂತ ಹಗುರ, ಉಬ್ಬಿದ ಪುಡಿ. ಒಂದೇ ಬಟ್ಟಲಲ್ಲಿ ಎರಡರ ತೂಕ ಬೇರೆಬೇರೆ. ಒಂದು ಕೋಣೆಗೆ ಬೇಕಾದ ಅಷ್ಟೂ ಸಿಮೆಂಟ್ ಮತ್ತು ಆಕ್ಸೈಡನ್ನು ಒಣಗಿರುವಾಗಲೇ ಒಟ್ಟಿಗೆ ಬೆರೆಸಿ, ಜರಡಿ ಹಿಡಿದು ಇಟ್ಟುಕೊಳ್ಳಿ. ನೀರು ಹಾಕಿದ ಮೇಲೆ ಪುಡಿ ಸೇರಿಸಿದರೆ ಗಂಟು ಉಳಿದು, ತಿಕ್ಕುವಾಗ ಕೆಂಪು ಗೀರು ಏಳುತ್ತದೆ.

ಬಿಳಿ ಕಲೆಗೆ ಪಿಗ್ಮೆಂಟ್ ಹೊಣೆಯಲ್ಲ. ಸಿಮೆಂಟಿನೊಳಗಿನ ಸುಣ್ಣ ನೀರಿನ ಜೊತೆ ಮೇಲೆ ಬಂದು, ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ಸುಣ್ಣದಕಲ್ಲಿನ ಪೊರೆ ಕಟ್ಟುತ್ತದೆ. ಬೂದು ನೆಲದಲ್ಲೂ ಇದು ಆಗುತ್ತದೆ, ಕೆಂಪಿನ ಮೇಲೆ ಎದ್ದು ಕಾಣುತ್ತದೆ ಅಷ್ಟೆ. ಕ್ಯೂರಿಂಗ್ ನೀರು ಅಲ್ಲಲ್ಲಿ ಮಡುಗಟ್ಟಿ ಆರಿದರೆ ಅದರ ಅಂಚೇ ಬಿಳಿ ಗೆರೆಯಾಗುತ್ತದೆ. ಆದ್ದರಿಂದ 7 ದಿನ ಇಡೀ ನೆಲ ಒಂದೇ ಸಮನೆ ಒದ್ದೆಯಿರಲಿ.

ಪುಡಿ ಅಸಲಿಯೇ ಎಂದು ನೋಡಲು, ಒಂದು ಲೋಟ ನೀರಿಗೆ ಎಲೆಅಡಿಕೆಗೆ ಹಾಕುವ ಸುಣ್ಣ ಸ್ವಲ್ಪ ಕದಡಿ, ಚಿಟಿಕೆ ಆಕ್ಸೈಡ್ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮೇಲಿನ ನೀರು ತಿಳಿಯಾಗಿರಬೇಕು. ನೀರಿಗೇ ಬಣ್ಣ ಬಂದಿದ್ದರೆ ಅದರಲ್ಲಿ ಡೈ ಬೆರೆಸಿದ್ದಾರೆ. ಅಂಚಿಗೆ ನೀಲಿ ಪಟ್ಟಿ ಬೇಕಿದ್ದರೆ ಪ್ರಷ್ಯನ್ ನೀಲಿ ಮಾತ್ರ ಹಾಕಿಸಬೇಡಿ. ಸಿಮೆಂಟಿನ ಕ್ಷಾರಕ್ಕೆ ಅದು ಒಡೆದು ತುಕ್ಕಿನ ಕಂದು ಉಳಿಯುತ್ತದೆ.

ಡೈ, ಪಿಗ್ಮೆಂಟ್ ಎರಡಕ್ಕೂ ನಾವು ಬಣ್ಣ ಅಂತಲೇ ಅನ್ನುತ್ತೇವೆ. ಏನು ವ್ಯತ್ಯಾಸ?

ಡೈ ಕರಗುತ್ತದೆ, ಪಿಗ್ಮೆಂಟ್ ಕರಗುವುದಿಲ್ಲ. ಡೈ ಬಟ್ಟೆಯ ನೂಲಿನೊಳಕ್ಕೇ ಇಳಿಯುತ್ತದೆ. ಪಿಗ್ಮೆಂಟ್ ಕಣವಾಗಿಯೇ ಉಳಿಯುವುದರಿಂದ ಅದನ್ನು ಹಿಡಿದುಕೊಳ್ಳಲು ರೆಸಿನ್, ಎಣ್ಣೆ, ಸಿಮೆಂಟ್, ಪ್ಲಾಸ್ಟಿಕ್, ಏನಾದರೊಂದು ಬೇಕೇ ಬೇಕು.

ಬೊಮ್ಮಸಂದ್ರದಲ್ಲಿ ಎಚ್‌ಡಿಪಿಇ (ಗಟ್ಟಿ ಪಾಲಿಥೀನ್) ಕ್ರೇಟ್ ಮೋಲ್ಡ್ ಮಾಡುತ್ತೇವೆ. ಅದೇ ಮೋಲ್ಡ್, ಅದೇ ಮೆಷಿನ್, ಅದೇ ಸೆಟ್ಟಿಂಗ್. ಕೆಂಪು ಕ್ರೇಟ್ ನೆಟ್ಟಗಿರುತ್ತದೆ, ನೀಲಿ ಕ್ರೇಟ್ ಸೊಟ್ಟ.

ನಿಮ್ಮ ನೀಲಿ ಮಾಸ್ಟರ್‌ಬ್ಯಾಚ್‌ನಲ್ಲಿ (ಪ್ಲಾಸ್ಟಿಕ್ಕಿಗೆ ಬೆರೆಸುವ ಬಣ್ಣದ ಗುಳಿಗೆ) ಬಹುಶಃ ಥಾಲೋಸಯನಿನ್ ನೀಲಿ ಇದೆ. 1935ರಿಂದ ಮಾರುಕಟ್ಟೆಯಲ್ಲಿರುವ ಈ ಪಿಗ್ಮೆಂಟ್ ಶಾಖಕ್ಕೂ ಬಿಸಿಲಿಗೂ ಆಸಿಡ್ಡಿಗೂ ಅಲುಗುವುದಿಲ್ಲ, ಚೂರು ಹಾಕಿದರೂ ಗಾಢ. ಆದರೆ ಅದರ ಕಣಗಳು ಎಚ್‌ಡಿಪಿಇ ತಣಿಯುವಾಗ ಹರಳುಗಟ್ಟಲು ಬೀಜವಾಗುತ್ತವೆ. ಹರಳು ಬೇಗ ಕಟ್ಟಿ, ಪ್ಲಾಸ್ಟಿಕ್ ಹರಿದ ದಿಕ್ಕಿನಲ್ಲಿ ಒಂದು ಬಗೆಯ ಕುಗ್ಗುವಿಕೆ, ಅಡ್ಡದಿಕ್ಕಿನಲ್ಲಿ ಇನ್ನೊಂದು. ಅಗಲವಾದ ತಳ ಸೊಟ್ಟಗಾಗುವುದು ಅದಕ್ಕೇ. ಥಾಲೋ ಹಸಿರಿನದೂ ಇದೇ ಕಥೆ. ತಣಿಸುವ ಸಮಯ ಹೆಚ್ಚಿಸಿದರೆ ಸೊಟ್ಟ ಕಡಿಮೆಯಾದೀತು, ಪೂರ್ತಿ ಹೋಗಲಿಕ್ಕಿಲ್ಲ. ಸೊಟ್ಟಗಾಗಿಸದ ಗ್ರೇಡ್ ಎಂದೇ ಕೇಳಿ ತರಿಸಿ, ಇಲ್ಲವೇ ಅದನ್ನು ಬಿಟ್ಟು ಅಲ್ಟ್ರಾಮರೀನ್ ನೀಲಿ ಬಳಸಿ.

ಅಲ್ಟ್ರಾಮರೀನ್ ಎಂದರೆ ಬಿಳಿ ಬಟ್ಟೆಗೆ ಹಾಕುವ ನೀಲಿ ಪುಡಿ. ಅದಕ್ಕೆ ಕಸುವು ಕಡಿಮೆ, ಹೆಚ್ಚು ಹಾಕಬೇಕು, ಮತ್ತು ಆಸಿಡ್ ಕಂಡರೆ ಆಗದು. ಚಿಟಿಕೆ ಪುಡಿಯ ಮೇಲೆ ನಿಂಬೆರಸ ಹಿಂಡಿ ನೋಡಿ: ನೀಲಿ ಮಾಸುತ್ತದೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಕಣದೊಳಗಿನ ಗಂಧಕ ಹೈಡ್ರೋಜನ್ ಸಲ್ಫೈಡ್ ಆಗಿ ಹೊರಬೀಳುವ ವಾಸನೆ ಅದು. ಆಸಿಡ್ ಹಾಕಿ ತೊಳೆಯುವ ಕಡೆಗೆ ಹೋಗುವ ಕ್ರೇಟಿಗೆ ಇದನ್ನು ಹಾಕಬೇಡಿ.

ನೀವು ಕೇಳದಿದ್ದರೂ ಇದನ್ನು ಹೇಳಲೇಬೇಕು. ಹಳದಿ ಕ್ರೇಟ್ ಮಾಡುವುದಿದ್ದರೆ ಮಾಸ್ಟರ್‌ಬ್ಯಾಚ್‌ನಲ್ಲಿ ಡೈಅರಿಲೈಡ್ ಹಳದಿ ಇಲ್ಲವೆಂದು ಬರವಣಿಗೆಯಲ್ಲಿ ಪಡೆಯಿರಿ. 200 ಡಿಗ್ರಿಯ ಮೇಲೆ ಅದು ಒಡೆದು ಡೈಕ್ಲೋರೋಬೆಂಜಿಡೀನ್ ಬಿಡುತ್ತದೆ, ಅದು ಕ್ಯಾನ್ಸರಿನ ಅಪಾಯ ತರುವ ವಸ್ತು. ಪ್ಲಾಸ್ಟಿಕ್ ಕರಗಿಸುವ ಬ್ಯಾರೆಲ್ ಪಕ್ಕ ದಿನವಿಡೀ ನಿಲ್ಲುವ ಕೆಲಸಗಾರರ ವಿಷಯದಲ್ಲಿ ಇಲ್ಲಿ ಕಾಸು ನೋಡಬಾರದು.

ಗೋಡೆಗೆ ಅಂಟಿಸಿದ ಪೋಸ್ಟರ್ ಕೆಲವೇ ವಾರಗಳಲ್ಲಿ ಪೂರ್ತಿ ನೀಲಿಯಾಗುತ್ತದೆ. ಶಾಯಿ ಕಳಪೆಯೇ? — ಕಾಟನ್‌ಪೇಟೆಯ ಮುದ್ರಕರು

ಕಳಪೆ ಅನ್ನಬೇಕಿಲ್ಲ. ನಾಲ್ಕು ಬಣ್ಣದ ಮುದ್ರಣದಲ್ಲಿ ಹಳದಿ ಸಾಮಾನ್ಯವಾಗಿ ಮೇಲೆ ಹೇಳಿದ ಡೈಅರಿಲೈಡ್, ಮೆಜೆಂಟಾ ರೂಬಿನ್ 57:1, ಸಯಾನ್ ಥಾಲೋ ನೀಲಿ, ಕಪ್ಪು ಕಾರ್ಬನ್ ಬ್ಲ್ಯಾಕ್. ಮೊದಲಿನ ಎರಡು ಬಿಸಿಲು ತಾಳುವುದಿಲ್ಲ, ಕೊನೆಯ ಎರಡು ತಾಳುತ್ತವೆ. ಉಳಿಯುವುದು ನೀಲಿ, ಕಪ್ಪು. ಪುಸ್ತಕ, ಲಗ್ನಪತ್ರಿಕೆಗೆ ಈ ಶಾಯಿ ಧಾರಾಳ ಸಾಕು. ಹೊರಗಿನ ಕೆಲಸಕ್ಕೆ ಬಿಸಿಲು ತಾಳುವ ಹಳದಿ ಮತ್ತು ಮೆಜೆಂಟಾವನ್ನೇ ಕೇಳಿ ತರಿಸಿ, ಉಳಿದೆರಡು ಹಾಗೇ ಇರಲಿ.

ನೀರಿನ ಪೈಪು ಕಪ್ಪೇ ಯಾಕೆ?

ಕಾರ್ಬನ್ ಬ್ಲ್ಯಾಕ್ ಅತಿನೇರಳೆ ಕಿರಣಗಳನ್ನು ತಾನೇ ಹೀರಿಕೊಂಡು ಪಾಲಿಥೀನನ್ನು ಕಾಪಾಡುತ್ತದೆ. ಭಾರತೀಯ ಮಾನಕ ಐಎಸ್ 4984 ಎಚ್‌ಡಿಪಿಇ ಪೈಪಿಗೆ ಕೇಳುವುದು ಶೇ. 2.5, ಅರ್ಧ ಹೆಚ್ಚುಕಡಿಮೆ. ಪ್ರಮಾಣದಷ್ಟೇ ಮುಖ್ಯ ಅದು ಚೆನ್ನಾಗಿ ಹರಡಿರುವುದು. ಗಂಟು ಉಳಿದ ಕಡೆಯಿಂದಲೇ ಬಿರುಕು ಶುರುವಾಗುತ್ತದೆ.

ಹಳೆಯ ಕಿಟಕಿ ಸರಳುಗಳ ಹಳದಿ, ಕಿತ್ತಳೆ ಬಣ್ಣ ಕೆರೆಸಿ ಹೊಸದು ಬಳಿಸಬೇಕು. ಮನೆಯಲ್ಲಿ ಪುಟ್ಟ ಮಗುವಿದೆ. — ಮಲ್ಲೇಶ್ವರದ ಓದುಗರು

ಸೀಸ ಇದೆ ಎಂದೇ ಭಾವಿಸಿ ಕೆಲಸ ಮಾಡಿಸಿ. ಹಳೆಯ ಹೊಳೆಯುವ ಹಳದಿ, ಕಿತ್ತಳೆಗಳಲ್ಲಿ ಲೆಡ್ ಕ್ರೋಮೇಟ್ ಸಾಮಾನ್ಯವಾಗಿತ್ತು. ಮನೆಬಳಕೆಯ ಪೇಂಟಿನಲ್ಲಿ ಸೀಸ 90 ಪಿಪಿಎಂ, ಅಂದರೆ ಕೆಜಿಗೆ 90 ಮಿಲಿಗ್ರಾಂ ಮೀರಬಾರದೆಂಬ ನಿಯಮ 2016ರದು, ತಯಾರಕರಿಗೆ ಜಾರಿಯಾದದ್ದು 2017ರ ನವೆಂಬರ್ 1ರಿಂದ. ಕಾರ್ಖಾನೆ ಬಳಕೆಯ ಪೇಂಟುಗಳು ಅದರಲ್ಲಿ ಬರುವುದಿಲ್ಲ, ಹಾಗಾಗಿ ಉಳಿದದ್ದು ಎಂದು ಯಾರಾದರೂ ಕೊಟ್ಟ ಮೆಷಿನರಿ ಪೇಂಟನ್ನು ಮನೆಗೆ ಬಳಿಸಬೇಡಿ.

ಒಣಗಿದ ಪೇಂಟನ್ನು ಗ್ರೈಂಡರಿನಲ್ಲಿ ಉಜ್ಜುವುದಾಗಲಿ, ಬೆಂಕಿಯಲ್ಲಿ ಸುಡುವುದಾಗಲಿ ಬೇಡವೇ ಬೇಡ. ವಾಟರ್‌ಪೇಪರ್ ತಂದು, ನೀರು ಚಿಮುಕಿಸುತ್ತಾ ಉಜ್ಜಿಸಿ. ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಬಿದ್ದ ಚೂರುಗಳ ಸಮೇತ ಮಡಚಿ ಕಟ್ಟಿ. ಆ ಕೋಣೆಯನ್ನು ಪೊರಕೆಯಿಂದ ಗುಡಿಸದೆ, ಎರಡು ಸಲ ಒದ್ದೆ ಬಟ್ಟೆಯಿಂದ ಒರೆಸಿ. ಅಲ್ಲಿಯವರೆಗೆ ಮಗು ಬೇರೆ ಮನೆಯಲ್ಲಿರಲಿ. ಕೆಲಸದವರು ಕೈತೊಳೆಯದೆ ಊಟಕ್ಕೆ ಕೂರದಂತೆಯೂ ನೋಡಿಕೊಳ್ಳಿ.