ಕರಾವಳಿಯ ಸಿನೆಮಾಗಳಲ್ಲಿ ಯಾವುದರಿಂದ ಶುರು ಮಾಡಲಿ? ಟಿವಿಯಲ್ಲಿ ಮಾತು ಯಾಕೆ ಸರಿಯಾಗಿ ಕೇಳುವುದಿಲ್ಲ?

ನೀವು ಬರೆದದ್ದು ಇಷ್ಟು: ದಾವಣಗೆರೆಯಿಂದ ಕೆಲಸಕ್ಕೆಂದು ಮಣಿಪಾಲಕ್ಕೆ ಬಂದಿದ್ದೀರಿ. ‘ಸು ಫ್ರಮ್ ಸೋ’ ನೋಡಿದಿರಿ, ಪಕ್ಕದಲ್ಲಿ ಕೂತವರೆಲ್ಲ ನಗುವಾಗ ನಿಮಗೆ ಅರ್ಧ ಮಾತು ಹಿಡಿಯಲೇ ಇಲ್ಲ. ಆಮೇಲೆ ರೂಮಿನ 43 ಇಂಚಿನ ಟಿವಿಯಲ್ಲಿ ‘ಕಾಂತಾರ’ದ ಎರಡೂ ಸಿನೆಮಾ ಹಾಕಿದಿರಿ, ಡೋಲಿನ ಸದ್ದಿಗೆ ಪಕ್ಕದ ಮನೆಯವರು ಬಾಗಿಲು ತಟ್ಟಿದರು, ಮಾತು ಮಾತ್ರ ಕೇಳಲಿಲ್ಲ. ಇನ್ನು ಯಾವುದು ನೋಡಲಿ, ಸೀರೀಸ್ ಏನಾದರೂ ಉಂಟಾ, ಇವೆಲ್ಲ ಜನ ಹೊಗಳುವಷ್ಟು ಒಳ್ಳೆಯದು ಉಂಟಾ ಎಂದು ಕೇಳಿದ್ದೀರಿ.

ನನ್ನ ಪ್ರಕಾರ ನಿಮ್ಮ ಎರಡೂ ತೊಂದರೆಯ ಬೇರು ಒಂದೇ. ಈ ಕಡೆಯ ಸಿನೆಮಾಗಳ ಜೀವ ಇರುವುದು ಮಾತಿನಲ್ಲಿ, ಮಾತಿನ ಎಳೆತದಲ್ಲಿ, ಮಾತು ನಿಂತಲ್ಲಿ ಶುರುವಾಗುವ ಬಡಿತದಲ್ಲಿ. ಅದು ಕಿವಿಗೆ ಬೀಳದಿದ್ದರೆ ಬರೀ ಕಥೆ ಉಳಿಯುತ್ತದೆ. ಬರೀ ಕಥೆ ಲೆಕ್ಕ ಹಾಕಿದರೆ ಇವುಗಳಲ್ಲಿ ಹೆಚ್ಚಿನವು ಸಾಧಾರಣ ಎಂದೇ ನಿಮಗೆ ಕಂಡೀತು. ಹಾಗಾಗಿ ಮೊದಲು ಟಿವಿ ಸರಿ ಮಾಡಿಕೊಳ್ಳಿ.

ಸಿನೆಮಾದ ಧ್ವನಿಯನ್ನು ಸಾಮಾನ್ಯವಾಗಿ 5.1 ಎಂಬ ಕ್ರಮದಲ್ಲಿ ಕೂರಿಸಿರುತ್ತಾರೆ. ಎದುರಿಗೆ ಮೂರು ಸ್ಪೀಕರ್, ಬದಿಗೆ ಅಥವಾ ಹಿಂದೆ ಎರಡು, ತೀರ ಕೆಳಸ್ತರದ ಗುಡುಗಿಗೆ ಒಂದು ಸಬ್‌ವೂಫರ್. ಮಾತಿನ ದೊಡ್ಡ ಪಾಲು ಬರುವುದು ಎದುರಿನ ಮೂರರಲ್ಲಿ ನಡುವಿನದ್ದರಿಂದ. ನಿಮ್ಮ ಟಿವಿಯಲ್ಲಿ ಇರುವುದು ಕೆಳಮುಖವಾದ ಎರಡು ಸಣ್ಣ ಸ್ಪೀಕರ್. ಆರು ದಾರಿಯ ಧ್ವನಿಯನ್ನು ಎರಡಕ್ಕೆ ಇಳಿಸುವಾಗ ಮಾತು ತಗ್ಗಿ, ತಾಸೆ, ಡೋಲು, ಚೆಂಡೆ ಅದರ ಮೇಲೆ ಬಂದು ಕೂರುತ್ತವೆ. ನೀವು ಮಾತಿಗೋಸ್ಕರ ವಾಲ್ಯೂಮ್ ಏರಿಸುತ್ತೀರಿ, ಮುಂದಿನ ದೃಶ್ಯದಲ್ಲಿ ಮನೆ ನಡುಗುತ್ತದೆ.

ಮಾಡಬೇಕಾದದ್ದು ಇದು. ಸಿನೆಮಾ ಓಡುತ್ತಿರುವಾಗಲೇ ಆ್ಯಪಿನ ಆಡಿಯೊ ಮೆನು ತೆರೆಯಿರಿ. ‘ಕನ್ನಡ’ ಮತ್ತು ‘ಕನ್ನಡ 5.1’ ಎಂದು ಎರಡು ಇದ್ದರೆ 5.1 ಇಲ್ಲದ್ದನ್ನು ಆರಿಸಿ. ಅಲ್ಲಿಯೇ ಇನ್ನೊಂದು ಸಂಗತಿ ಗಮನಿಸಿ: ನಿಮ್ಮ ಪ್ರೊಫೈಲಿನ ಭಾಷೆ ನೋಡಿ ಕೆಲವು ಆ್ಯಪ್‌ಗಳು ತಾವಾಗಿಯೇ ಡಬ್ ಆದ ಹಿಂದಿಗೆ ಹೋಗಿರುತ್ತವೆ. ಆಮೇಲೆ ಟಿವಿಯ ಸೌಂಡ್ ಸೆಟ್ಟಿಂಗಿಗೆ ಹೋಗಿ ‘ಕ್ಲಿಯರ್ ವಾಯ್ಸ್’ ಅಥವಾ ‘ಡಯಲಾಗ್’ ಎಂದಿರುವುದನ್ನು ಆನ್ ಮಾಡಿ, ‘ಸರೌಂಡ್’, ‘ಬಾಸ್ ಬೂಸ್ಟ್’ ಎರಡನ್ನೂ ಆಫ್ ಮಾಡಿ. ರಾತ್ರಿ ನೋಡುವುದಾದರೆ ‘ನೈಟ್ ಮೋಡ್’ ಅಥವಾ ‘ಆಟೊ ವಾಲ್ಯೂಮ್’ ಹಾಕಿದರೆ ಜೋರು ಮತ್ತು ಮೆಲ್ಲನೆಯ ನಡುವಿನ ಅಂತರ ಕಡಿಮೆಯಾಗುತ್ತದೆ. ಆದರೆ ಹೆಡ್‌ಫೋನಿನಲ್ಲಿ ನೋಡುವಾಗ ಇದನ್ನು ತೆಗೆಯಿರಿ, ಆ ಅಂತರವೇ ಕೋಲದ, ಅಂದರೆ ದೈವದ ವೇಷ ಕಟ್ಟಿ ಕುಣಿಯುವ ದೃಶ್ಯಗಳ ಶಕ್ತಿ. ಸೌಂಡ್‌ಬಾರ್ ಕೊಳ್ಳುವ ಯೋಚನೆ ಇದ್ದರೆ 2.1ಕ್ಕಿಂತ 3.1 ನೋಡಿ. ಆ ಮೂರನೆಯದೇ ಮಾತಿನ ಸ್ಪೀಕರ್. ಸಬ್‌ವೂಫರ್ ಎಷ್ಟು ದೊಡ್ಡದು ಎಂಬುದು ಆಮೇಲಿನ ಮಾತು. ಬ್ಲೂಟೂತ್ ಇಯರ್‌ಫೋನಿನಲ್ಲಿ ತುಟಿ ಮೊದಲು, ಮಾತು ಆಮೇಲೆ ಬರುತ್ತಿದ್ದರೆ ಟಿವಿಯಲ್ಲಿ ‘ಎ/ವಿ ಸಿಂಕ್’ ಇದ್ದರೆ ಅದರಲ್ಲಿ ಹೊಂದಿಸಿ, ಇಲ್ಲದಿದ್ದರೆ ತಂತಿಯದ್ದೇ ಹಾಕಿ.

ಚಿತ್ರದ ಬಗ್ಗೆ ಎರಡು ಮಾತು ಸಾಕು. ಟಿವಿ ಅಂಗಡಿಯಿಂದ ಬಂದಾಗ ಹೆಚ್ಚಾಗಿ ‘ವಿವಿಡ್’ ಅಥವಾ ‘ಡೈನಾಮಿಕ್’ನಲ್ಲಿ ಇರುತ್ತದೆ. ಅದನ್ನು ‘ಸಿನೆಮಾ’ ಅಥವಾ ‘ಫಿಲ್ಮ್‌ಮೇಕರ್’ಗೆ ಬದಲಿಸಿ, ಪವರ್ ಸೇವಿಂಗ್ ತೆಗೆಯಿರಿ, ಲೈಟ್ ಆರಿಸಿ. ದೊಂದಿಯ ಬೆಳಕಿನ ದೃಶ್ಯಗಳಲ್ಲಿ ಮುಖ ಕಾಣದಿರುವುದು ಹೆಚ್ಚಾಗಿ ಈ ಕಾರಣಕ್ಕೆ. ಸೆಕೆಂಡಿಗೆ 24 ಫ್ರೇಮಿನ ಸಿನೆಮಾಕ್ಕೆ ನಡುವೆ ಇಲ್ಲದ ಫ್ರೇಮು ಸೇರಿಸುವ ವ್ಯವಸ್ಥೆಯನ್ನೂ ಆಫ್ ಮಾಡಿ. ಅದು ಎಲ್‌ಜಿಯಲ್ಲಿ ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ ಎಂಬ ಹೆಸರಿನಲ್ಲಿ ಇರುತ್ತದೆ. ಅದು ಇದ್ದರೆ ಒಳ್ಳೆಯ ಸಿನೆಮಾವೂ ಧಾರಾವಾಹಿಯ ಹಾಗೆ ಜಾರುತ್ತದೆ. ಎಚ್‌ಡಿಗೆ 5 ಎಂಬಿಪಿಎಸ್ ವೇಗ ಸಾಕು, 4ಕೆಗೆ 15ರಿಂದ 25 ಬೇಕು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು, ನೆಟ್ ಎರಡೂ ಹೇಳಿ ಹೋಗುವುದಿಲ್ಲ, ಮೊದಲೇ ಫೋನಿಗೋ ಟ್ಯಾಬಿಗೋ ಇಳಿಸಿಟ್ಟುಕೊಳ್ಳಿ. ಇಳಿಸಿದ್ದನ್ನು ಒಮ್ಮೆ ನೋಡಲು ಶುರು ಮಾಡಿದರೆ ಹಲವು ಆ್ಯಪ್‌ಗಳಲ್ಲಿ 48 ಗಂಟೆಯೊಳಗೆ ಮುಗಿಸಬೇಕಾಗುತ್ತದೆ.

ಈಗ ಸಿನೆಮಾ. ಯಾವುದು ಯಾವ ಆ್ಯಪಿನಲ್ಲಿ ಉಂಟು ಎಂದು ಬರೆಯುವುದಿಲ್ಲ, ಹಕ್ಕುಗಳು ಕೈ ಬದಲಾಯಿಸುತ್ತಲೇ ಇರುತ್ತವೆ. ಹೆಸರು ಹಾಕಿ ಹುಡುಕಿ.

‘ಒಂದು ಮೊಟ್ಟೆಯ ಕಥೆ’ಯಿಂದ (2017) ಶುರು ಮಾಡಿ. ರಾಜ್ ಬಿ. ಶೆಟ್ಟಿಯವರ ಮೊದಲ ಸಿನೆಮಾ. ನಾಯಕ ಜನಾರ್ದನ ಕನ್ನಡ ಉಪನ್ಯಾಸಕ, ತಲೆಯಲ್ಲಿ ಕೂದಲಿಲ್ಲ, ಮದುವೆಗೆ ಹುಡುಗಿ ಸಿಗುತ್ತಿಲ್ಲ. ಇದನ್ನೇ ಮೊದಲು ಹೇಳುವುದಕ್ಕೆ ಕಾರಣ, ಉಪನ್ಯಾಸಕನಾದ್ದರಿಂದ ಅವನ ಮಾತು ನಿಮಗೆ ಸಲೀಸಾಗಿ ಸಿಗುತ್ತದೆ, ಸುತ್ತಲಿನವರ ಮಂಗಳೂರು ಕನ್ನಡಕ್ಕೆ ಕಿವಿ ಮೆಲ್ಲಗೆ ಒಗ್ಗುತ್ತದೆ. ಸಿನೆಮಾವಾಗಿ ಸಣ್ಣದು, ಕೆಲವು ಕಡೆ ನಾಟಕದ ಹಾಗೆ ನಿಂತಲ್ಲೇ ನಿಲ್ಲುತ್ತದೆ. ಆದರೆ ಯಾರನ್ನೂ ಹಾಸ್ಯಕ್ಕಾಗಿ ಕೆಳಗೆ ಹಾಕುವುದಿಲ್ಲ, ಆ ಸಭ್ಯತೆ ನನಗೆ ಬಹಳ ಇಷ್ಟ.

ಅದಾದ ಮೇಲೆ ‘ಸು ಫ್ರಮ್ ಸೋ’ ಇನ್ನೊಮ್ಮೆ ನೋಡಿ. 2025ರ ಜುಲೈ 25ರಂದು ಬಿಡುಗಡೆಯಾದ ಇದು ಬರೆದು ನಿರ್ದೇಶಿಸಿದ ಜೆ.ಪಿ. ತುಮಿನಾಡು ಅವರ ಮೊದಲ ಸಿನೆಮಾ. ಅವರು ಬಂದದ್ದು ತುಳು ರಂಗಭೂಮಿಯಿಂದ, ಅದನ್ನು ತಿಳಿದು ನೋಡಿದರೆ ಸಿನೆಮಾದ ಕಟ್ಟೋಣ ಅರ್ಥವಾಗುತ್ತದೆ. ತುಳು ನಾಟಕದಲ್ಲಿ ನಗು ಒಬ್ಬನ ಡೈಲಾಗಿನಿಂದ ಹುಟ್ಟುವುದು ಕಡಿಮೆ. ಒಬ್ಬ ಹೇಳಿದ್ದಕ್ಕೆ ಇನ್ನೊಬ್ಬ ಕೂಡಲೇ ಅಡ್ಡ ಮಾತು ಹಾಕುತ್ತಾನೆ, ಮೂರನೆಯವನು ಅದನ್ನು ತಪ್ಪಾಗಿ ಕೇಳಿಸಿಕೊಳ್ಳುತ್ತಾನೆ, ನಾಲ್ಕನೆಯವನ ಮುಖ ನೋಡಿ ಜನ ನಗುತ್ತಾರೆ. ಇಲ್ಲಿಯೂ ಹಾಗೆಯೇ, ಊರಿಡೀ ಒಟ್ಟಿಗೆ ಮಾತಾಡುತ್ತದೆ. ಇಂಗ್ಲಿಷ್ ಸಬ್‌ಟೈಟಲ್ ಇಂಥಲ್ಲಿ ಸೋಲುವುದಕ್ಕೆ ಎರಡು ಕಾರಣ ಉಂಟು: ಐದು ಜನ ಮಾತಾಡುವಾಗ ಅದು ಒಬ್ಬನದ್ದನ್ನೇ ತೋರಿಸುತ್ತದೆ, ಮತ್ತು ಮಾತು ಬಾಯಿಂದ ಬರುವ ಮೊದಲೇ ಸಾಲು ಪರದೆ ಮೇಲೆ ಬಂದು ನಗುವನ್ನು ಕೊಲ್ಲುತ್ತದೆ. ಆದ್ದರಿಂದ ಮೊದಲ ಅರ್ಧ ಗಂಟೆ ಸಬ್‌ಟೈಟಲ್ ಹಾಕಿ, ಯಾರು ಯಾರೆಂದು ಗೊತ್ತಾದ ಮೇಲೆ ತೆಗೆಯಿರಿ.

ಅಭಿಪ್ರಾಯ ಕೇಳಿದರೆ, ಶನೀಲ್ ಗೌತಮ್ ಮಾಡಿದ ರವಿಯಣ್ಣನ ಪಾತ್ರ ಈ ಸಿನೆಮಾದ ಬೆನ್ನೆಲುಬು. ಊರಿನ ಎಲ್ಲದಕ್ಕೂ ಮುಂದೆ ನಿಲ್ಲುವ, ಎಲ್ಲರೂ ಹೆದರುವ, ಒಳಗೊಳಗೆ ಒಂಟಿಯಾದ ಇಂಥವರು ನಮ್ಮ ಪ್ರತಿ ಊರಿನಲ್ಲೂ ಇದ್ದಾರೆ. ರಾಜ್ ಬಿ. ಶೆಟ್ಟಿಯವರ ಗುರೂಜಿ ಬಂದ ಮೇಲೆ ಸಿನೆಮಾ ಸ್ವಲ್ಪ ಹೊತ್ತು ಅವರ ಕೈಗೆ ಹೋಗುತ್ತದೆ, ಅಲ್ಲಿ ಹತ್ತು ನಿಮಿಷ ಕತ್ತರಿಸಬಹುದಿತ್ತು. ಸೋಮೇಶ್ವರಕ್ಕೆ ಹೋದ ನಂತರ ಕಥೆ ಒಬ್ಬ ಹೆಂಗಸಿನ ಕಷ್ಟದ ಕಡೆಗೆ ತಿರುಗುವುದನ್ನು ಹಲವರು ‘ಇದ್ದಕ್ಕಿದ್ದ ಹಾಗೆ ಸೀರಿಯಸ್ ಆಯ್ತು’ ಎಂದರು. ನನಗೆ ಹಾಗೆ ಅನಿಸಲಿಲ್ಲ. ಅಲ್ಲಿಯವರೆಗೆ ಇಲ್ಲದ ದೆವ್ವಕ್ಕೆ ಊರೆಲ್ಲ ಹೆದರುತ್ತದೆ, ಆಮೇಲೆ ಹೆದರಲೇಬೇಕಾದ ಮನುಷ್ಯರು ಎದುರಿಗೆ ಬರುತ್ತಾರೆ. ಆ ತಿರುವು ಇಲ್ಲದಿದ್ದರೆ ಇದು ಒಂದು ಒಳ್ಳೆಯ ಕಾಮಿಡಿ ಶೋ ಮಾತ್ರ ಆಗುತ್ತಿತ್ತು.

ಇಂಥ ಸಿನೆಮಾ ಮತ್ತೆ ಬಂದರೆ ಮೊದಲ ವಾರವೇ ಥಿಯೇಟರಿಗೆ ಹೋಗಿ. ಮಂಗಳೂರಿನ ಬಿಜೈಯ ಭಾರತ್ ಮಾಲ್ ಆಗಲಿ, ಪಾಂಡೇಶ್ವರದ ಫಿಝಾ ಮಾಲ್ ಆಗಲಿ, ಪರದೆಯಿಂದ ಹಾಲಿನ ಮೂರರಲ್ಲಿ ಎರಡು ಭಾಗದಷ್ಟು ಹಿಂದೆ, ಸಾಲಿನ ನಡುವೆ ಸೀಟು ಹಿಡಿಯಿರಿ. ಥಿಯೇಟರಿನ ಧ್ವನಿಯನ್ನು ಹೊಂದಿಸುವುದು ಸರಿಸುಮಾರು ಆ ಜಾಗಕ್ಕೇ. ಗೋಡೆಯ ಬದಿಯ ಸೀಟಿನಲ್ಲಿ ಹತ್ತಿರದ ಸ್ಪೀಕರೇ ಕಿವಿ ತುಂಬಿ ನಡುವಿನ ಮಾತು ಮಸುಕಾಗುತ್ತದೆ. ನಿಮಗೆ ಮೊದಲ ಸಲ ಮಾತು ಹಿಡಿಯದಿದ್ದದ್ದಕ್ಕೆ ಸೀಟೂ ಕಾರಣವಾಗಿರಬಹುದು.

‘ಗರುಡ ಗಮನ ವೃಷಭ ವಾಹನ’ (2021) ನನ್ನ ಲೆಕ್ಕದಲ್ಲಿ ಮಂಗಳೂರಿನ ಬಗ್ಗೆ ಬಂದ ಅತ್ಯುತ್ತಮ ಸಿನೆಮಾ. ಮಂಗಳಾದೇವಿಯ ಆಸುಪಾಸಿನ ಇಬ್ಬರು ಗೆಳೆಯರು, ಹರಿ ಮತ್ತು ಶಿವ, ಅವರ ಕಥೆಯನ್ನು ಹೇಳುವ ಪೊಲೀಸ್ ಬ್ರಹ್ಮಯ್ಯ. ಹೆಸರುಗಳಲ್ಲೇ ಕಟ್ಟುವಿಕೆ ಗೊತ್ತಾಗುತ್ತದೆ. ಗ್ಯಾಂಗ್‌ಸ್ಟರ್ ಕಥೆ ಎಂದರೆ ಸ್ಲೋ ಮೋಷನ್, ಕಿರುಚಾಟ ಎಂದುಕೊಂಡು ಕೂರಬೇಡಿ. ಇಲ್ಲಿ ಶಿವ ಹೆಚ್ಚು ಮಾತೇ ಆಡುವುದಿಲ್ಲ, ಅವನ ಕ್ರೌರ್ಯಕ್ಕೆ ಮುನ್ಸೂಚನೆಯೂ ಇಲ್ಲ, ಹೆದರಿಕೆ ಬರುವುದು ಅದರಿಂದ. ಕೊಂದ ಮೇಲೆ ಮಳೆಯಲ್ಲಿ ಅವನು ಪಿಲಿಯ, ಅಂದರೆ ಹುಲಿವೇಷದ ಹೆಜ್ಜೆ ಹಾಕುವ ದೃಶ್ಯವನ್ನು ಮೊಬೈಲಿನಲ್ಲಿ ತುಂಡಾಗಿ ನೋಡಿದ್ದರೆ ಅದನ್ನು ಮರೆತುಬಿಡಿ, ಮೊದಲಿನಿಂದ ನೋಡಿ. ದಸರಾಕ್ಕೆ ಬೀದಿಯಲ್ಲಿ ಹುಲಿವೇಷ ನೋಡಿದವರಿಗೆ ಆ ತಾಸೆಯ ಪೆಟ್ಟು ಹಬ್ಬದ ಸದ್ದು, ಅದೇ ಹೆಜ್ಜೆ ಕೊಲೆಯ ಬೆನ್ನಿಗೆ ಬಂದಾಗ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಮಿಥುನ್ ಮುಕುಂದನ್ ಅವರ ಸಂಗೀತ ಎಲ್ಲಿ ಸುಮ್ಮನಿರುತ್ತದೆ ಎಂಬುದನ್ನು ಕೇಳಿ. ಛಾಯಾಗ್ರಹಣ, ಸಂಕಲನ ಎರಡೂ ಪ್ರವೀಣ್ ಶ್ರೀಯಾನ್ ಅವರದ್ದೇ. ಶಾಟು ಎಷ್ಟು ಹೊತ್ತು ನಿಲ್ಲಬೇಕೆಂದು ಒಂದೇ ಕಣ್ಣು ತೀರ್ಮಾನಿಸಿದ್ದು ಕಾಣುತ್ತದೆ. ಕೊರತೆ ಎಂದರೆ ಹೆಂಗಸರ ಪಾತ್ರಗಳಿಗೆ ಜಾಗವೇ ಇಲ್ಲ. ಮಕ್ಕಳೊಟ್ಟಿಗೆ ನೋಡುವಂಥದ್ದಲ್ಲ.

‘ಉಳಿದವರು ಕಂಡಂತೆ’ (2014) ಮಲ್ಪೆಯದ್ದು, ಕೃಷ್ಣಾಷ್ಟಮಿಯ ದಿನಗಳ ಸುತ್ತ ನಡೆಯುತ್ತದೆ, ಒಂದೇ ಘಟನೆಯನ್ನು ಬೇರೆ ಬೇರೆಯವರು ಹೇಳುತ್ತಾರೆ. ಅಧ್ಯಾಯಗಳು ಹಿಂದೆ ಮುಂದೆ ಆಗುವುದರಿಂದ ನಡುವೆ ನಿಲ್ಲಿಸಿ ಮರುದಿನ ನೋಡಿದರೆ ಎಳೆ ತಪ್ಪುತ್ತದೆ, ಎರಡೂವರೆ ಗಂಟೆ ಒಟ್ಟಿಗೆ ಕೊಡಿ. ರಕ್ಷಿತ್ ಶೆಟ್ಟಿಯವರ ರಿಚ್ಚಿಯನ್ನೇ ಎಲ್ಲರೂ ನೆನಪಿಡುತ್ತಾರೆ, ನನಗೆ ಹೆಚ್ಚು ತಾಗಿದ್ದು ಅಚ್ಯುತ್ ಕುಮಾರ್ ಅವರ ಬಾಲು ಮತ್ತು ತಾರಾ ಅವರ ರತ್ನಕ್ಕ. ನಿಧಾನ ಉಂಟು, ಒಪ್ಪುತ್ತೇನೆ.

‘ಕಾಂತಾರ’ (2022) ಕುಂದಾಪುರ ಕಡೆಯ ಕನ್ನಡ, ಮಂಗಳೂರಿನದ್ದಕ್ಕಿಂತ ಬೇರೆ ಧಾಟಿ, ವೇಗ ಜಾಸ್ತಿ. ಕಥೆ 1847, 1970, 1990 ಎಂದು ಮೂರು ಕಾಲಕ್ಕೆ ಹೋಗುವುದನ್ನು ತಲೆಯಲ್ಲಿಟ್ಟುಕೊಂಡರೆ ಜಮೀನಿನ ಜಗಳ ಸ್ಪಷ್ಟವಾಗುತ್ತದೆ. ಕೊನೆಯ 20 ನಿಮಿಷದ ಬಗ್ಗೆ ಹೊಗಳಿದ್ದೆಲ್ಲ ಸರಿ. ನಾಯಕಿ ಲೀಲಾಳ ಹತ್ತಿರ ಇದರ ನಾಯಕ ಶಿವ ನಡೆದುಕೊಳ್ಳುವ ರೀತಿಯನ್ನು ತಮಾಷೆಯಾಗಿ ತೋರಿಸಿದ್ದು ಸರಿಯಿಲ್ಲ, ಅದು ಈಗಲೂ ಚುಚ್ಚುತ್ತದೆ. 2025ರ ಅಕ್ಟೋಬರ್ 2ಕ್ಕೆ ಬಂದ ‘ಕಾಂತಾರ ಅಧ್ಯಾಯ 1’ರಲ್ಲಿ ಕೆಲಸದ ಗಾತ್ರ ದೊಡ್ಡದು, ರಿಷಬ್ ಶೆಟ್ಟಿಯವರ ಮೈಯ ದುಡಿಮೆ ಅಸಾಮಾನ್ಯ, ಆದರೆ ರಾಜರ ಕಾಲಕ್ಕೆ ಹೋದ ಕೂಡಲೇ ಮೊದಲನೆಯದರಲ್ಲಿದ್ದ ಅಂಗಳದ ಮಾತು ಕಡಿಮೆಯಾಯಿತು, ಹಾಸ್ಯವೂ ಸಪ್ಪೆ. ಮೊದಲನೆಯದೇ ನನಗೆ ಮೇಲು. ಒಂದು ಕೋರಿಕೆ: ಇದನ್ನು ನೋಡಿ ದೈವದ ಕೂಗು, ಆವೇಶವನ್ನು ರೀಲ್ಸ್‌ನಲ್ಲಿ ಅನುಕರಿಸಬೇಡಿ. ಇಲ್ಲಿಯ ಮನೆಗಳಲ್ಲಿ ಅದು ನಂಬಿಕೆ, ವೇಷ ಕಟ್ಟುವವರಿಗೆ ವ್ರತ. ನಿಜವಾದ ಕೋಲ ನೋಡಬೇಕಿದ್ದರೆ ದೀಪಾವಳಿ ಕಳೆದ ಮೇಲೆ ಮೇ ಕೊನೆಯ ಪತ್ತನಾಜೆಯವರೆಗೆ (ಕೋಲಗಳ ಋತು ಮುಗಿಯುವ ದಿನ) ಯಾರಾದರೂ ಗೆಳೆಯರ ಊರಿಗೆ ಹೋಗಿ, ಕೇಳದೆ ಮೊಬೈಲು ಎತ್ತಬೇಡಿ.

‘ಮಿಥ್ಯ’ (2025) ಬೇರೆಯೇ ಜಾತಿಯದ್ದು. ಅಪ್ಪ ಅಮ್ಮನನ್ನು ಕಳೆದುಕೊಂಡ ಹುಡುಗನೊಬ್ಬ ಮುಂಬೈಯಿಂದ ಉಡುಪಿಯ ಬಂಧುಗಳ ಮನೆಗೆ ಬರುತ್ತಾನೆ. ಸುಮಂತ್ ಭಟ್ ಎಲ್ಲಿಯೂ ಅಳಿಸಲು ನೋಡುವುದಿಲ್ಲ. ಪ್ರಕಾಶ್ ತುಮಿನಾಡು ಅವರನ್ನು ನೀವು ನಗಿಸುವವರೆಂದೇ ತಿಳಿದಿದ್ದರೆ ಇದರಲ್ಲಿ ನೋಡಿ. ಈ ಸಿನೆಮಾಕ್ಕೆ ಹೆಡ್‌ಫೋನೇ ಬೇಕು, ಅರ್ಧ ವಿಷಯ ಪಕ್ಕದ ಕೋಣೆಯಿಂದ ಕೇಳುವ ಮಾತಿನಲ್ಲಿ ಉಂಟು.

ಸೀರೀಸ್ ಕೇಳಿದ್ದೀರಿ. ‘ಏಕಂ’ (2024) ಏಳು ಕಂತು, ಏಳೂ ಬೇರೆ ಬೇರೆ ಕಥೆ, ಎಲ್ಲವೂ ಕರಾವಳಿಯದ್ದು. ದೊಡ್ಡ ಆ್ಯಪ್‌ಗಳಲ್ಲಿ ಜಾಗ ಸಿಗದೆ ತಮ್ಮದೇ ಜಾಲತಾಣದಲ್ಲಿ ಹಣ ಪಡೆದು ಬಿಡುಗಡೆ ಮಾಡಿದರು. ಎಲ್ಲ ಕಂತೂ ಒಂದೇ ಮಟ್ಟದಲ್ಲಿಲ್ಲ, ರಾತ್ರಿಗೆ ಒಂದರಂತೆ ನೋಡಿದರೆ ಒಳ್ಳೆಯದು. ತುಳು ಕೇಳಿ ಅಭ್ಯಾಸವಾದ ಮೇಲೆ ಅಭಯ ಸಿಂಹ ಅವರ ‘ಪಡ್ಡಾಯಿ’ (2018) ಬಿಡಬೇಡಿ. ಮ್ಯಾಕ್‌ಬೆತ್ ನಾಟಕವನ್ನು ಮೀನುಗಾರರ ನಡುವೆ ತಂದು ನಿಲ್ಲಿಸಿದ ಸಿನೆಮಾ, ತುಳುವಿನ ರಾಷ್ಟ್ರಪ್ರಶಸ್ತಿ ಪಡೆದದ್ದು. ಇದಕ್ಕೆ ಸಬ್‌ಟೈಟಲ್ ಕೊನೆಯವರೆಗೂ ಇರಲಿ.

ಹಳೆಯದರಲ್ಲಿ ದೂರದರ್ಶನದ ಧಾರಾವಾಹಿ ‘ಗುಡ್ಡದ ಭೂತ’ವನ್ನು ಯೂಟ್ಯೂಬಿನಲ್ಲಿ ಹುಡುಕಿ. ಸದಾನಂದ ಸುವರ್ಣ ಅವರ ನಿರ್ದೇಶನ, ಆಗಿನ್ನೂ ಹೊಸಬರಾಗಿದ್ದ ಪ್ರಕಾಶ್ ರಾಜ್ ಇದ್ದಾರೆ. ಅದು ಹಳೆಯ ಟಿವಿಯ ಅಳತೆಯಲ್ಲಿ ಮಾಡಿದ್ದು, ಮುಖಗಳು ಅಡ್ಡಕ್ಕೆ ಎಳೆದ ಹಾಗೆ ಕಂಡರೆ ರಿಮೋಟಿನ ಪಿಕ್ಚರ್ ಸೈಜನ್ನು 4:3ಕ್ಕೆ ಇಡಿ, ಎರಡು ಬದಿಯಲ್ಲಿ ಕಪ್ಪು ಪಟ್ಟಿ ಬಂದರೆ ಸರಿಯಾಯಿತು ಎಂದರ್ಥ.