ಇಂಗ್ಲಿಷ್ ಪತ್ರದಲ್ಲಿ ಅಪಾಸ್ಟ್ರಫಿಯನ್ನು ಎಲ್ಲಿ ಇಡಬೇಕು, ಎಲ್ಲಿ ಇಡಬಾರದು?

ನೀವು ಎರಡು ಸಂದೇಹಗಳನ್ನು ಮುಂದಿಟ್ಟಿದ್ದೀರಿ. ಕಚೇರಿಗೆ ಇಂಗ್ಲಿಷಿನಲ್ಲಿ ಪತ್ರ ಬರೆಯುವಾಗ “ಎಸ್” ಅಕ್ಷರದ ಮೊದಲು ಅಪಾಸ್ಟ್ರಫಿ (’ ಎಂಬ ಚಿಹ್ನೆ) ಹಾಕಬೇಕೇ, ಆಮೇಲೆ ಹಾಕಬೇಕೇ ಎಂಬುದು ಒಂದು. ಪತ್ರದ ಕೊನೆಯ “ಯುವರ್ಸ್ ಫೇಯ್ತ್‌ಫುಲಿ”ಯಲ್ಲಿ ಅದು ಬೇಕೇ ಎಂಬುದು ಇನ್ನೊಂದು. ಇಂಗ್ಲಿಷ್ ಕರಡು ತಿದ್ದುವುದೇ ನನ್ನ ಕೆಲಸವಾದ್ದರಿಂದ ಈ ಎರಡೂ ತಪ್ಪುಗಳನ್ನು ನಾನು ದಿನವೂ ನೋಡುತ್ತೇನೆ. ಉದಾಹರಣೆಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಚಿಹ್ನೆ ಎಲ್ಲಿ ಕೂತಿದೆ ಎಂಬುದನ್ನು ಗಮನಿಸಿ.

ಎರಡನೆಯದಕ್ಕೆ ಉತ್ತರ ಸರಳ: ಬೇಡ. ಶಾಲೆಯ ರಜಾಪತ್ರದ ಕಾಲದಿಂದಲೂ “ಯುವರ್’ಸ್ ಒಬೀಡಿಯಂಟ್ಲಿ” ಎಂದು ಬರೆದು ಅಭ್ಯಾಸವಾದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಆದರೆ “ಯುವರ್ಸ್”, “ಹರ್ಸ್”, “ಅವರ್ಸ್”, “ದೇರ್ಸ್”, “ಇಟ್ಸ್” ಎಂಬ ಸರ್ವನಾಮಗಳು “ಹಿಸ್” ಎಂಬುದರಂತೆಯೇ ತಾವಾಗಿಯೇ ಸಂಬಂಧವನ್ನು ಸೂಚಿಸುವುದರಿಂದ ಅವುಗಳಿಗೆ ಚಿಹ್ನೆಯ ಅಗತ್ಯವಿಲ್ಲ. “ಇಟ್’ಸ್” ಎಂದು ಚಿಹ್ನೆಯೊಂದಿಗೆ ಬರೆದರೆ ಅದು “ಇಟ್ ಈಸ್” ಅಥವಾ “ಇಟ್ ಹ್ಯಾಸ್” ಎಂಬುದರ ಸಂಕ್ಷೇಪವಾಗುತ್ತದೆಯೇ ಹೊರತು “ಅದರ” ಎಂಬ ಅರ್ಥ ಕೊಡುವುದಿಲ್ಲ. ಸಂಶಯ ಬಂದಾಗ ಬಿಡಿಸಿ ಓದಿ. ವಾಕ್ಯ ಕೆಟ್ಟರೆ ಚಿಹ್ನೆಯನ್ನು ತೆಗೆಯಿರಿ.

ನಾಮಪದಗಳ ವಿಷಯಕ್ಕೆ ಬಂದರೆ, ಈ ಚಿಹ್ನೆ ಮೂಲತಃ ಬಿಟ್ಟುಹೋದ ಅಕ್ಷರದ ಗುರುತು. ಹಳೆಯ ಇಂಗ್ಲಿಷಿನ ಅನೇಕ ನಾಮಪದಗಳಲ್ಲಿ ಷಷ್ಠೀ ವಿಭಕ್ತಿಯ (“ಅದರ”, “ಅವರ” ಎಂಬಂತೆ ಸಂಬಂಧ ಹೇಳುವ ರೂಪದ) “ಎಸ್” ಹಿಂದೆ “ಇ” ಇತ್ತು. ಆ ಸ್ವರ ಉಚ್ಚಾರಣೆಯಿಂದ ಜಾರಿಹೋಯಿತು, ಅದರ ಜಾಗದಲ್ಲಿ ಕಾಲಕ್ರಮೇಣ ಈ ಗುರುತು ನೆಲೆಗೊಂಡಿತು. ಕನ್ನಡದಲ್ಲಿ “ಮಾತು” ಮತ್ತು “ಇಲ್ಲ” ಸೇರಿ “ಮಾತಿಲ್ಲ” ಆದಾಗ ಲೋಪವಾದ ಸ್ವರಕ್ಕೆ ನಾವು ಯಾವ ಗುರುತನ್ನೂ ಇಡುವುದಿಲ್ಲವಾದ್ದರಿಂದ, ಈ ಪದ್ಧತಿ ನಮಗೆ ಸಹಜವಾಗಿ ಒಲಿಯದಿರುವುದರಲ್ಲಿ ಆಶ್ಚರ್ಯವಿಲ್ಲ.

ಆದರೂ ನಮ್ಮ ವಿಭಕ್ತಿಪ್ರತ್ಯಯಗಳ ಅರಿವು ಇಲ್ಲಿ ನಿಜಕ್ಕೂ ನೆರವಾಗುತ್ತದೆ. ಪದವನ್ನು ಮನಸ್ಸಿನಲ್ಲಿ ಕನ್ನಡಕ್ಕೆ ತಂದುಕೊಳ್ಳಿ. “ಶಾಸಕರು ಬಂದರು” ಎಂಬಲ್ಲಿ ಬಹುವಚನವಷ್ಟೇ ಇದೆ, ಷಷ್ಠಿ ಇಲ್ಲ. ಆದ್ದರಿಂದ “ಎಂಎಲ್‌ಎ” ಪದದ ಬಹುವಚನವನ್ನು ಚಿಹ್ನೆಯಿಲ್ಲದೆ “ಎಂಎಲ್‌ಎಸ್” ಎಂದು ಬರೆಯಬೇಕಾದಲ್ಲಿ “ಎಂಎಲ್‌ಎ’ಸ್” ಎಂದು ಬರೆಯುವುದು ತಪ್ಪು. “ಶಾಸಕರ ಕಾರು” ಎಂದಾಗ ಷಷ್ಠಿ ಬಂತು, ಚಿಹ್ನೆಯೂ ಬರಬೇಕು. ಆ ಶಾಸಕರು ಒಬ್ಬರೇ ಆಗಿದ್ದರೆ “ಎಸ್” ಮೊದಲು, ಹಲವರಾಗಿದ್ದರೆ “ಎಸ್” ಆದಮೇಲೆ. ಸೆಪ್ಟೆಂಬರ್ 5ರಂದು ಆಚರಿಸುವುದು ಎಲ್ಲ ಶಿಕ್ಷಕರ ದಿನವಾದ್ದರಿಂದ “ಟೀಚರ್ಸ್’ ಡೇ” ಸರಿ. ಬೆಂಗಳೂರಿನ ಬಿಷಪ್ ಕಾಟನ್ ಬಾಯ್ಸ್’ ಸ್ಕೂಲಿನ ಹೆಸರಿನಲ್ಲಿಯೂ ಚಿಹ್ನೆ ಕೊನೆಯಲ್ಲಿರುವುದು ಇದೇ ಕಾರಣಕ್ಕೆ. ನವೆಂಬರ್ 14ರ “ಚಿಲ್ಡ್ರನ್’ಸ್ ಡೇ” ಮಾತ್ರ ಬೇರೆ: “ಚಿಲ್ಡ್ರನ್” ಪದವೇ ಬಹುವಚನ, ಅದರಲ್ಲಿ “ಎಸ್” ಇಲ್ಲ, ಹಾಗಾಗಿ ಮೊದಲು ಚಿಹ್ನೆ, ಆಮೇಲೆ “ಎಸ್”.

ರಜೆಯ ಅರ್ಜಿಯಲ್ಲಿ ಹೆಚ್ಚಿನವರು ಮರೆಯುವ ಚಿಹ್ನೆಯನ್ನೂ ಇದೇ ಪರೀಕ್ಷೆ ನೆನಪಿಸುತ್ತದೆ. “ಹತ್ತು ದಿನಗಳ ರಜೆ” ಎಂಬಲ್ಲಿ ಷಷ್ಠಿ ಸ್ಪಷ್ಟವಾಗಿರುವುದರಿಂದ “ಟೆನ್ ಡೇಸ್’ ಲೀವ್” ಎಂದೂ, ಒಂದೇ ದಿನವಾದರೆ “ಒನ್ ಡೇ’ಸ್ ಲೀವ್” ಎಂದೂ ಬರೆಯಬೇಕು.

ಈ ಪರೀಕ್ಷೆ ಎಲ್ಲೆಡೆಯೂ ಕೈಹಿಡಿಯುತ್ತದೆ ಎಂದು ನಾನು ಹೇಳಲಾರೆ. ಕನ್ನಡ ಪತ್ರಿಕೆಗಳು “ತಾಯಂದಿರ ದಿನ” ಎಂದು ಬಹುವಚನದಲ್ಲಿ ಬರೆಯುತ್ತವೆ. ಇಂಗ್ಲಿಷಿನಲ್ಲಿ ಅದು ಏಕವಚನದ “ಮದರ್’ಸ್ ಡೇ”. ಅಮೆರಿಕದಲ್ಲಿ ಈ ಆಚರಣೆಯನ್ನು ಆರಂಭಿಸಿದ ಆನಾ ಜಾರ್ವಿಸ್, ಪ್ರತಿಯೊಬ್ಬರೂ ತಮ್ಮ ತಮ್ಮ ತಾಯಿಯನ್ನು ಗೌರವಿಸಬೇಕೆಂಬ ಉದ್ದೇಶದಿಂದ ಏಕವಚನವೇ ಇರಬೇಕೆಂದು ಪಟ್ಟು ಹಿಡಿದಿದ್ದರು.

“ಶ್ರೀನಿವಾಸ್”ನಂತೆ “ಎಸ್”ನಲ್ಲಿ ಮುಗಿಯುವ ಹೆಸರಿಗೆ ಬರಿಯ ಚಿಹ್ನೆಯನ್ನು ಹಾಕಬಹುದು, ಚಿಹ್ನೆಯ ಜೊತೆ ಇನ್ನೊಂದು “ಎಸ್” ಕೂಡ ಹಾಕಬಹುದು. ಒಂದೇ ಪತ್ರದಲ್ಲಿ ಎರಡನ್ನೂ ಬೆರೆಸಬೇಡಿ. ಸಂಸ್ಥೆ ಮತ್ತು ಸ್ಥಳಗಳ ಹೆಸರುಗಳಿಗಂತೂ ನಿಯಮವನ್ನು ಹೇರದೆ, ಅವರು ಬರೆದುಕೊಳ್ಳುವ ಹಾಗೆಯೇ ಬರೆಯಬೇಕು. ಬ್ರಿಟನ್ನಿನ ಪುಸ್ತಕದಂಗಡಿ ವಾಟರ್‌ಸ್ಟೋನ್ಸ್ 2012ರಲ್ಲಿ ತನ್ನ ಹೆಸರಿನಿಂದ ಚಿಹ್ನೆಯನ್ನು ಕೈಬಿಟ್ಟಿತು. ಲಂಡನ್ನಿನ ಸುರಂಗ ರೈಲಿನ ಅಕ್ಕಪಕ್ಕದ ಎರಡು ನಿಲ್ದಾಣಗಳಲ್ಲಿ “ಅರ್ಲ್’ಸ್ ಕೋರ್ಟ್”ಗೆ ಚಿಹ್ನೆಯಿದೆ, “ಬ್ಯಾರನ್ಸ್ ಕೋರ್ಟ್”ಗೆ ಇಲ್ಲ.